ಹೊಗೆಸೊಪ್ಪು ಹುಡುಕಿ ನಿಪ್ಪಾಣಿಗೆ ಹೊರಡುವವರಿಗೆ

ಮಡಕಶಿರಾ ಕಡೆಯ ರತ್ನಗಿರಿಯ ಗೆಳೆಯರೊಬ್ಬರು ಕಡಲೆಕಾಯಿ ಜೊತೆಗೆ ಒಂದಿಷ್ಟು ಅಡಿಕೆ ಇಟ್ಟುಕೊಂಡವರು. ಈಚೆಗೆ ಅಂಗಡಿ ಔಷಧಿ ಬಿಟ್ಟು, ಹುಳುವಿಗೆ ಅಗ್ನಿಅಸ್ತ್ರ ಎಂಬ ಕಷಾಯ ಕಾಯಿಸಿ ಹೊಡೆಯುತ್ತಿದ್ದಾರೆ. ಅದಕ್ಕೆ ಬೇಕಾದ ಗಂಜಲ ಕೊಟ್ಟಿಗೆಯಲ್ಲಿದೆ, ಬೇವು ಬದುವಿನಲ್ಲಿದೆ, ಹಸಿಮೆಣಸು ಬೆಳ್ಳುಳ್ಳಿ ಮನೆಯಲ್ಲಿವೆ. ಹೊಗೆಸೊಪ್ಪು ಮಾತ್ರ ಕಾಸು ಕೊಟ್ಟು ತರಬೇಕು. ವಿಷ ಹೊಡೆಯದ ಇಡೀ ಎಲೆ ಎಲ್ಲಿ ಸಿಗುತ್ತದೆ ಎಂದು ಅವರು ಕೇಳಿದರು. ಅವರಿಗೆ ಬಾಯಲ್ಲಿ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ರೊಳ್ಳ, ಅಗಳಿ, ಅಮರಾಪುರ, ಗುಡಿಬಂಡೆ ಕಡೆಯ ಆಂಧ್ರದ ಕನ್ನಡ ರೈತರಿಗೆ ಇದು ಬೇಕಾಗಬಹುದು. 2022ರಲ್ಲಿ ಮಡಕಶಿರಾ ಅನಂತಪುರ ಬಿಟ್ಟು ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು, ರಾಯದುರ್ಗ ಅನಂತಪುರದಲ್ಲೇ ಉಳಿಯಿತು. ಆದರೆ ಎರಡೂ ಕಡೆಯವರಿಗೆ ಸಂತೆ, ನೆಂಟಸ್ತಿಕೆ ಎಲ್ಲ ಗಡಿಯಾಚೆಗೇ ಹೆಚ್ಚು.

ಮೊದಲು ಹತ್ತಿರದ ಸಂತೆ ನೋಡಿ. ಮಡಕಶಿರಾ, ಸಿರಾ, ಮಧುಗಿರಿ ಕಡೆಯ ಸಂತೆಗಳಲ್ಲಿ ಎಲೆ-ಅಡಿಕೆ ಹಾಕಿಕೊಂಡು ಕೂತವರ ಪಕ್ಕದಲ್ಲೇ ಹೊಗೆಸೊಪ್ಪಿನ ಕಟ್ಟೂ ಇರುತ್ತದೆ, ಕಡ್ಡಿಪುಡಿಯೂ ಇರುತ್ತದೆ. ಅದು ಜಗಿಯುವವರಿಗಾಗಿ ಹದ ಮಾಡಿದ ಸರಕು. ತಮಿಳುನಾಡಿನ ಕಡೆಯ ಜಗಿಯುವ ಸೊಪ್ಪಿಗೆ ಬೆಲ್ಲದ ನೀರು ಚಿಮುಕಿಸಿ ಹುಳಿ ಬರಿಸುವ ಪದ್ಧತಿ ಇದೆ. ಕೈಗೆ ಅಂಟಂಟಾಗಿ, ಮೂಗಿಗೆ ಸಿಹಿ ವಾಸನೆ ಬಂದರೆ ಅದನ್ನು ಬಿಟ್ಟುಬಿಡಿ. ಮಾರುವ ಅಜ್ಜಿಗೆ ಅದು ಯಾವ ಹೊಲದ್ದು ಎಂದು ಗೊತ್ತಿರುವುದಿಲ್ಲ, ಅವಳ ತಪ್ಪೂ ಅಲ್ಲ. ಮೂರು ಕೈ ದಾಟಿ ಬಂದ ಕಟ್ಟು ಅದು.

ಪುಡಿಯನ್ನಂತೂ ಕೊಳ್ಳಲೇಬೇಡಿ. ಈ ವಿಷಯದಲ್ಲಿ ನನಗೆ ಎರಡು ಮಾತಿಲ್ಲ. ಪುಡಿಯಾದ ಮೇಲೆ ಎಲೆ ಎಷ್ಟು, ದಂಟು ಎಷ್ಟು, ಮಣ್ಣು ಎಷ್ಟು ಎಂದು ಯಾರಿಗೂ ಹೇಳಲಾಗದು. ಬೂಷ್ಟು ಹಿಡಿದದ್ದನ್ನೂ ಪುಡಿ ಮಾಡಿದರೆ ಮುಗಿಯಿತು. ಇಡೀ ಎಲೆಯಾದರೆ ನರ, ಬಣ್ಣ, ತೂತು, ಕಲೆ ಎಲ್ಲ ಕಣ್ಣಿಗೆ ಕಾಣುತ್ತದೆ. ಕೊಳ್ಳುವವನ ಕೈಯಲ್ಲಿರುವ ಒಂದೇ ಪರೀಕ್ಷೆ ಅದು.

ಹುಣಸೂರು, ಪಿರಿಯಾಪಟ್ಟಣಕ್ಕೆ ಹೋಗಬಹುದಲ್ಲ ಎಂದು ಎಲ್ಲರೂ ಕೇಳುತ್ತಾರೆ. ನೋಡುವುದಕ್ಕೆ ಹೋಗಿ, ಕೊಳ್ಳುವುದಕ್ಕೆ ಬೇಡ. ಅಲ್ಲಿ ಬೆಳೆಯುವುದು ಬ್ಯಾರನ್ನಿನಲ್ಲಿ ಬಿಸಿ ಕೊಟ್ಟು ಹಳದಿ ಬರಿಸುವ ವರ್ಜೀನಿಯಾ, ಸಿಗರೇಟಿನ ಎಲೆ. 1975ರ ಕಾಯ್ದೆಯಿಂದ ಹುಟ್ಟಿದ ತಂಬಾಕು ಮಂಡಳಿಯಲ್ಲಿ ರೈತ ಹೆಸರು ನೋಂದಾಯಿಸಬೇಕು, ಬ್ಯಾರನ್ನಿಗೆ ಪರವಾನಗಿ ಪಡೆಯಬೇಕು, ಬೆಳೆದದ್ದನ್ನು ಮಂಡಳಿಯ ಹರಾಜು ಕಟ್ಟೆಗೇ ಒಯ್ಯಬೇಕು. ಮನೆ ಬಾಗಿಲಲ್ಲಿ ನಿಮಗೆ ಎರಡು ಕಿಲೋ ಮಾರಿದರೆ ತೊಂದರೆ ಆಗುವುದು ಅವನಿಗೆ. ದಯವಿಟ್ಟು ಕೇಳಲೂ ಬೇಡಿ. ಮೇಲಾಗಿ ಆ ಎಲೆಯಲ್ಲಿ ನಿಕೋಟಿನ್ ಬೀಡಿ ತಂಬಾಕಿನಷ್ಟು ಇರುವುದಿಲ್ಲ. ಅಗ್ನಿಅಸ್ತ್ರಕ್ಕೆ ಬೇಕಾದದ್ದು ಆ ನಿಕೋಟಿನ್ನೇ.

ಉಳಿದದ್ದು ನಿಪ್ಪಾಣಿ. ಬೆಳಗಾವಿ ಜಿಲ್ಲೆಯ ಈ ಊರು ಬೀಡಿ ತಂಬಾಕಿಗೆ ಹೆಸರುವಾಸಿ. ಗುಜರಾತಿನ ಆಣಂದ್ ಬಿಟ್ಟರೆ ಇದೇ. ಸಿರಾದಿಂದ ಹೋಗುವವರು ಒಂದೇ ರಸ್ತೆ ಹಿಡಿದರೆ ಸಾಕು. ಸಿರಾ ಪಕ್ಕದ ಹೆದ್ದಾರಿಯೇ ಚಿತ್ರದುರ್ಗ, ದಾವಣಗೆರೆ, ಹಾವೇರಿ, ಹುಬ್ಬಳ್ಳಿ, ಧಾರವಾಡ, ಬೆಳಗಾವಿ ದಾಟಿ ನಿಪ್ಪಾಣಿ ಮುಟ್ಟುತ್ತದೆ, 450 ಕಿಲೋಮೀಟರಿನ ಆಸುಪಾಸು. ರಾಯದುರ್ಗದವರು ಬಳ್ಳಾರಿಗೆ ಬಂದು ಹುಬ್ಬಳ್ಳಿ ರೈಲು ಹತ್ತುವುದು ವಾಸಿ. ದಾರಿಯ ಬಗ್ಗೆ ಹೇಳುವಂಥದ್ದು ಏನೂ ಇಲ್ಲ, ರಾತ್ರಿ ಮಲಗಿ ಹೋಗಿ.

ಆದರೆ ಬಸ್ಸಿನ ವಿಷಯದಲ್ಲಿ ಎಚ್ಚರ. ಪುಣೆಗೆ ಹೋಗುವ ಒಂದು ಖಾಸಗಿ ಬಸ್ಸಿನಲ್ಲಿ ನಾನು ಹೋದೆ. ನಿಪ್ಪಾಣಿ ಬಸ್‌ಸ್ಟ್ಯಾಂಡಿಗೇ ಬಿಡುತ್ತೇವೆ ಎಂದು ಸೀಟು ಕೊಟ್ಟವರು ನಸುಕಿನಲ್ಲಿ ಹೆದ್ದಾರಿಯ ಮೇಲೆ ಇಳಿಸಿ ಹೋದರು. ದೀಪವಿಲ್ಲ, ಆಟೋ ಇಲ್ಲ, ಲಾರಿಗಳು ಮೈಮೇಲೆ ಬಂದಂತೆ ಹೋಗುತ್ತವೆ. ನನ್ನ ಜೊತೆ ಮಗು ಕಟ್ಟಿಕೊಂಡ ಹೆಣ್ಣುಮಗಳೊಬ್ಬಳೂ ಇಳಿದಿದ್ದಳು. ಊರೊಳಗೆ ಬರುವ ಸರ್ಕಾರಿ ಬಸ್ಸನ್ನೇ ಹಿಡಿಯಿರಿ, ಬೆಳಗಾವಿಯಲ್ಲಿ ಇಳಿದು ಬದಲಾಯಿಸಿದರೂ ಪರವಾಗಿಲ್ಲ. ಕೊಲ್ಲಾಪುರ ನಿಪ್ಪಾಣಿಯಿಂದ ಸುಮಾರು 40 ಕಿಲೋಮೀಟರ್. ಉಳಿಯಲು ಒಳ್ಳೆಯ ಜಾಗ ಬೇಕೆಂದರೆ ಅಲ್ಲಿಗೇ ಹೋಗಿ.

ಹೋಗುವ ಕಾಲ ಮುಖ್ಯ. ನಿಪ್ಪಾಣಿ ಕಡೆ ಮಳೆಗಾಲದಲ್ಲಿ ಸಸಿ ನೆಡುತ್ತಾರೆ, ಸಂಕ್ರಾಂತಿಯಿಂದಾಚೆ ಕೊಯ್ದು ಹೊಲದಲ್ಲೇ ಹರಡಿ ಬಿಸಿಲಿಗೆ ಒಣಗಿಸುತ್ತಾರೆ. ಜನವರಿ ಕೊನೆಯಿಂದ ಮಾರ್ಚ್‌ವರೆಗೆ ಹೋದರೆ ಎಲೆ ಎಲೆಯಾಗಿಯೇ ಸಿಗುತ್ತದೆ. ಆಮೇಲೆ ಹೋದವರಿಗೆ ವಖಾರಿಯಲ್ಲಿ ಬಡಿದು ಜರಡಿ ಹಿಡಿದ ಚೂರು ಸಿಗುತ್ತದೆ, ಬೀಡಿಗೆ ಬೇಕಾದದ್ದು ಅದೇ ತಾನೆ. ಆ ಧೂಳಿನ ನಡುವೆ ದಿನವಿಡೀ ದುಡಿಯುವವರು ಹೆಚ್ಚಾಗಿ ಹೆಂಗಸರು. ಬಾಗಿಲಲ್ಲಿ ನಿಂತರೂ ಸೀನು, ಕೆಮ್ಮು ತಡೆಯಲಾಗದು. ಅವರ ಎದೆಯ ಗತಿ ಏನು ಎಂದು ಕೇಳುವವರೇ ಇಲ್ಲದಿರುವುದು ನನಗೆ ಇವತ್ತಿಗೂ ಬೇಸರ.

ಬಸ್‌ಸ್ಟ್ಯಾಂಡಿನಲ್ಲೇ ದಲ್ಲಾಳಿ ಹಿಡಿಯುತ್ತಾನೆ. ನನ್ನನ್ನು ಹಿಡಿದವನು ‘ಸಾವಯವ ಮಾಲು ನಮ್ಮಲ್ಲಿ ಮಾತ್ರ ಸಿಗೋದು’ ಎಂದು ಮೂರು ಗೋದಾಮು ಸುತ್ತಿಸಿದ. ಮೂರರಲ್ಲೂ ಅದೇ ಕಪ್ಪು ಚೂರು, ಮೂರು ದರ. ರೈತರ ಹೊಲಕ್ಕೆ ಕರೆದುಕೊಂಡು ಹೋಗು ಎಂದರೆ ರಸ್ತೆ ಸರಿಯಿಲ್ಲ ಎಂದ. ಕೊನೆಗೆ ಸುತ್ತಿಸಿದ ಕೂಲಿ ಎಂದು ಕೈ ಚಾಚಿದ. ಅಂಥವರಿಗೆ ಒಂದು ಗಂಟೆಯೂ ಕೊಡಬೇಡಿ. ನಿಪ್ಪಾಣಿಯಲ್ಲಿ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರವಿದೆ. ತಂಬಾಕಿನ ಮೇಲೆ ಕೆಲಸ ಮಾಡುವ ಜಾಗ ಅದು. ಮೊದಲು ಅಲ್ಲಿಗೆ ಹೋಗಿ ಯಾವ ಕಡೆ ಔಷಧಿ ಕಡಿಮೆ ಹೊಡೆಯುತ್ತಾರೆ, ಈ ವರ್ಷ ರೋಗ ಎಲ್ಲಿತ್ತು ಎಂದು ವಿಚಾರಿಸಿ. ಆಮೇಲೆ ಸುತ್ತಲಿನ ಹಳ್ಳಿಗೆ ಹೊರಡಿ. ಹೆಚ್ಚಿನವರು ಮರಾಠಿ ಕನ್ನಡ ಎರಡೂ ಬಲ್ಲವರು, ಮಾತಿಗೆ ತೊಂದರೆಯಿಲ್ಲ.

‘ಸಾವಯವವೇ?’ ಎಂದು ಕೇಳಿದರೆ ಎಲ್ಲರೂ ಹೌದು ಎನ್ನುತ್ತಾರೆ. ಕೆಲಸದ ಬಗ್ಗೆ ಕೇಳಬೇಕು. ತಂಬಾಕಿನ ತುದಿ ಚಿವುಟಿದ ಮೇಲೆ ಪ್ರತಿ ಎಲೆಯ ಕಂಕುಳಲ್ಲಿ ಕುಡಿ ಒಡೆಯುತ್ತದೆ. ಅದನ್ನು ಕೈಯಲ್ಲಿ ಮುರಿಯಬಹುದು, ಇಲ್ಲವೇ ರಾಸಾಯನಿಕ ಹಾಕಿ ಸುಡಬಹುದು. ‘ಕಾಕಾ, ಕುಡಿ ಹೆಂಗ ಮುರೀತೀರಿ?’ ಎಂದು ನಾನು ಕೇಳಿದ ಮನೆಯಲ್ಲಿ ಯಜಮಾನರಿಗಿಂತ ಮೊದಲು ಅವರ ಸೊಸೆಯೇ ಹೇಳಿದಳು: ‘ನಾವೇ ಮುರೀತೀವ್ರೀ, ಕೈ ನೋಡ್ರಿ.’ ಬೆರಳೆಲ್ಲ ಕಪ್ಪು ಅಂಟಿನಿಂದ ಮೆತ್ತಿಹೋಗಿತ್ತು. ಅದಕ್ಕಿಂತ ಗಟ್ಟಿ ಸಾಕ್ಷಿ ನನಗೆ ಬೇಕಿರಲಿಲ್ಲ. ಎಲೆ ತಿನ್ನುವ ಹುಳುವಿಗೆ ಏನು ಮಾಡಿದಿರಿ ಎಂದೂ ಕೇಳಿ. ಹೊಲದ ಅಂಚಿನಲ್ಲಿ ಔಡಲ ಗಿಡ ನಿಲ್ಲಿಸಿದ್ದರೆ ರೈತ ತಿಳಿದವನು. ಆ ಹುಳುವಿನ ಪತಂಗ ಮೊಟ್ಟೆಯಿಡಲು ಔಡಲಕ್ಕೇ ಮೊದಲು ಹೋಗುತ್ತದೆ, ಆ ಎಲೆ ಕಿತ್ತು ಹಾಕಿದರೆ ಅರ್ಧ ಕೆಲಸ ಮುಗಿದಂತೆ. ರಾಶಿಯಲ್ಲಿ ಅಲ್ಲಲ್ಲಿ ತೂತಾದ ಎಲೆ ಇರಲಿ, ಹೆದರಬೇಡಿ. ಒಂದೂ ತೂತಿಲ್ಲದ ರಾಶಿ ಕಂಡರೆ ಇನ್ನೆರಡು ಪ್ರಶ್ನೆ ಹೆಚ್ಚಿಗೆ ಕೇಳಿ.

ಸಾವಯವ ಎಂದು ಪ್ರಮಾಣೀಕರಿಸಿದ ಕಾಗದ ತೋರಿಸುವವರೂ ಇದ್ದಾರೆ. ಪಿಜಿಎಸ್ ಗುಂಪಿನದಾಗಲಿ ಎನ್‌ಪಿಒಪಿ ಪ್ರಮಾಣಪತ್ರವಾಗಲಿ, ಬೆಳೆಯ ಪಟ್ಟಿಯಲ್ಲಿ ತಂಬಾಕು ಎಂದು ಬರೆದಿದೆಯೇ, ಅವಧಿ ಮುಗಿದಿಲ್ಲವೇ ಎಂದು ನೋಡಿ. ಅದೇ ಮನೆಯ ಕಬ್ಬಿಗೆ ಸಿಕ್ಕ ಕಾಗದ ತಂಬಾಕಿಗೆ ನಡೆಯುವುದಿಲ್ಲ. ಜೈವಿಕ ಭಾರತ ಗುರುತು ಇರುವುದು ಆಹಾರ ಪದಾರ್ಥಕ್ಕೆ, ತಂಬಾಕಿನ ಚೀಲದ ಮೇಲೆ ಅದು ಕಂಡರೆ ಹಿಂದಕ್ಕೆ ಬನ್ನಿ. ಸಣ್ಣ ರೈತರಲ್ಲಿ ಬಹಳ ಜನರ ಹತ್ತಿರ ಯಾವ ಕಾಗದವೂ ಇರುವುದಿಲ್ಲ. ನನ್ನ ಅನುಭವದಲ್ಲಿ ಕಾಗದಕ್ಕಿಂತ ಹೊಲ ನೋಡಿದ್ದೇ ಹೆಚ್ಚು ಉಪಯೋಗಕ್ಕೆ ಬಂತು.

ಎಲೆ ಆರಿಸುವಾಗ ಬಿಸಿಲೇರಿದ ಮೇಲೆ ಹೋಗಿ. ನಸುಕಿನಲ್ಲಿ ಇಬ್ಬನಿ ಕುಡಿದ ಎಲೆ ಬಟ್ಟೆಯಂತೆ ಬಾಗುತ್ತದೆ, ಮುರಿಯದಿರಲಿ ಎಂದು ಕಟ್ಟು ಕಟ್ಟುವುದೂ ಆಗಲೇ. ತೂಕ ಮಾತ್ರ ನೀರಿನದಾಗುತ್ತದೆ. ಮಧ್ಯಾಹ್ನ ನಡುನರ ಹಿಡಿದು ಬಾಗಿಸಿದರೆ ಪಟ್ಟನೆ ಮುರಿಯಬೇಕು. ಎಲೆ ದಪ್ಪವಾಗಿರಲಿ, ಹಸಿರು ಬೆರೆತ ಕಂದು ಬಣ್ಣದ ಮೇಲೆ ಚುಕ್ಕೆ ಚುಕ್ಕೆ ಎದ್ದಿರಲಿ. ಚುಕ್ಕೆ ಬಂದದ್ದು ಬಲಿತ ಎಲೆ. ನೆಲದ ಮೇಲೆ ಒಣಗಿದ್ದರಿಂದ ಮಣ್ಣು ಇದ್ದೇ ಇರುತ್ತದೆ, ತೂಗುವ ಮೊದಲು ಕಟ್ಟು ಬಿಚ್ಚಿ ಕೊಡವಿಸಿ. ಒಳಗಿನ ಎಲೆಗಳ ನಡುವೆ ಬಿಳಿ ಬೂಷ್ಟು, ಮುಗ್ಗಲು ವಾಸನೆ ಇದ್ದರೆ ಇಡೀ ಕಟ್ಟು ಬೇಡ.

ದರ ನಾನು ಹೇಳುವುದಿಲ್ಲ, ವರ್ಷಕ್ಕೊಂದು ರೀತಿ. ನಾನು ಹೋದಾಗ ನಮ್ಮ ಸಂತೆಗಿಂತ ಬಹಳ ಅಗ್ಗವಿತ್ತು, ಅಷ್ಟು ನೆನಪಿದೆ. ಆದರೆ ತೀರಾ ಚೌಕಾಸಿ ಮಾಡಬೇಡಿ. ನೀವು ಬಂದ ಆ ಹೆದ್ದಾರಿಯ ಮೇಲೆಯೇ 1981ರಲ್ಲಿ ರೈತ ಮುಖಂಡ ಶರದ್ ಜೋಶಿ ಅವರ ಮುಂದಾಳತ್ವದಲ್ಲಿ ತಂಬಾಕು ಬೆಳೆಗಾರರು ತಕ್ಕ ಬೆಲೆ ಕೊಡಿ ಎಂದು ವಾರಗಟ್ಟಲೆ ಕೂತಿದ್ದರು. ಪೊಲೀಸರ ಗುಂಡಿಗೆ ರೈತರು ಪ್ರಾಣ ಕಳೆದುಕೊಂಡರು. ರೈತರಾದ ನಾವು ಹೋಗಿ ಇನ್ನೊಬ್ಬ ರೈತನ ಹತ್ತಿರ ಐದು ರೂಪಾಯಿಗೆ ಜಗ್ಗಾಡುವುದು ಸರಿಯಲ್ಲ.

ಎಷ್ಟು ತರಬೇಕು? ನೈಸರ್ಗಿಕ ಕೃಷಿಯ ಸುಭಾಷ್ ಪಾಳೇಕರ್ ಅವರ ಪಾಠವಿರಲಿ, ಆಂಧ್ರದ ಪ್ರಕೃತಿ ಕೃಷಿ ಕಾರ್ಯಕರ್ತರು ಹೇಳಿಕೊಡುವುದಿರಲಿ, ಒಂದು ಸಲ ಕಾಯಿಸಲು ಅರ್ಧ ಕಿಲೋದಿಂದ ಒಂದು ಕಿಲೋ ಸೊಪ್ಪು ಸಾಕು. ಹತ್ತು ಮನೆಯವರು ಸೇರಿ ಒಬ್ಬರನ್ನು ಕಳಿಸಿದರೆ ವರ್ಷಕ್ಕಾಗುವಷ್ಟು ಒಂದೇ ಮೂಟೆಯಲ್ಲಿ ಬರುತ್ತದೆ. ರಾಜ್ಯದ ಗಡಿ ದಾಟಿಸುವುದರಿಂದ ಬಿಲ್ಲು ಬರೆಸಿಕೊಳ್ಳಿ. ಹುಡುಗರನ್ನು ಕಳಿಸಬೇಡಿ. ಆಂಧ್ರದಲ್ಲಿ 18, ಕರ್ನಾಟಕದಲ್ಲಿ 2025ರಿಂದ 21 ತುಂಬದವರಿಗೆ ತಂಬಾಕು ಮಾರುವಂತಿಲ್ಲ. ಗೋಣಿಚೀಲದಲ್ಲಿ ಕಟ್ಟಿ, ಕಾಳುಕಡ್ಡಿಯಿಂದ ದೂರ, ಮಕ್ಕಳ ಕೈಗೆ ಸಿಗದ ಅಟ್ಟದಲ್ಲಿಡಿ. ಮುಟ್ಟುವಾಗ ಕೈಗವಸು ಹಾಕಿಕೊಳ್ಳಿ. ಒದ್ದೆ ಎಲೆಯಿಂದ ನಿಕೋಟಿನ್ ಚರ್ಮದೊಳಗೇ ಇಳಿಯುತ್ತದೆ, ತಲೆಸುತ್ತು ವಾಂತಿ ಬರುತ್ತದೆ. ಮನೆಗೆ ತಂದ ಮೇಲೆ ಒಂದು ಚೂರು ಎಲೆ-ಅಡಿಕೆ ಜೊತೆ ಹಾಕಿಕೊಂಡರೇನು ಎನ್ನುವವರು ಪ್ರತಿ ಮನೆಯಲ್ಲೂ ಇರುತ್ತಾರೆ. ವಿಷ ಹೊಡೆಯದ ಸೊಪ್ಪಿನಿಂದಲೂ ಬಾಯಿ ಕ್ಯಾನ್ಸರ್ ಬರುತ್ತದೆ. ಅವರಿಗೆ ಮುಲಾಜಿಲ್ಲದೆ ಹೇಳಿ.

ಟೊಮೆಟೊ, ಮೆಣಸು, ಬದನೆ ಇಟ್ಟವರಿಗೆ ಇನ್ನೊಂದು ಎಚ್ಚರ. ತಂಬಾಕಿನ ಮೊಸಾಯಿಕ್ ನಂಜು ಒಣಗಿದ ಎಲೆಯಲ್ಲೂ ಬಹಳ ಕಾಲ ಬದುಕಿರುತ್ತದೆ, ಕೈಯಿಂದ ಸಸಿಗೆ ಹರಡುತ್ತದೆ. ಸೊಪ್ಪು ಮುಟ್ಟಿದ ಕೈಯನ್ನು ಸೋಪು ಹಚ್ಚಿ ತೊಳೆಯದೆ ಮಡಿಗೆ ಕಾಲಿಡಬೇಡಿ, ಕಷಾಯವನ್ನು ಚೆನ್ನಾಗಿ ಕುದಿಸಿ. ಮುಂದೆ ಅಮೆರಿಕಕ್ಕೆ ಸಾವಯವ ಎಂದು ಮಾಲು ಕಳಿಸುವ ಯೋಚನೆ ಇದ್ದವರು ಅಗ್ನಿಅಸ್ತ್ರಕ್ಕೆ ಕೈ ಹಾಕುವ ಮೊದಲೇ ಪ್ರಮಾಣಪತ್ರ ಕೊಡುವವರನ್ನು ಕೇಳಿ. ಆ ದೇಶದ ಸಾವಯವ ನಿಯಮದಲ್ಲಿ ತಂಬಾಕಿನ ಪುಡಿಗೆ ನಿಷೇಧವಿದೆ.

ಎಲ್ಲಕ್ಕಿಂತ ದೊಡ್ಡ ಮಾತು ರೇಷ್ಮೆಯದು. ಮಡಕಶಿರಾ, ಹಿಂದೂಪುರ ಸೀಮೆಯಲ್ಲಿ ಹಿಪ್ಪುನೇರಳೆ ಇಲ್ಲದ ಊರು ಕಡಿಮೆ. ತಂಬಾಕಿನ ವಿಷ ತಗುಲಿದ ಹಿಪ್ಪುನೇರಳೆ ಸೊಪ್ಪು ತಿಂದ ರೇಷ್ಮೆ ಹುಳು ಉಳಿಯುವುದಿಲ್ಲ. ನಿಮ್ಮ ಹೊಲದಿಂದ ಗಾಳಿಗೆ ತೇಲಿಹೋದ ಹನಿ ಪಕ್ಕದವರ ಒಂದು ಬೆಳೆ ಗೂಡನ್ನೇ ತೆಗೆದುಬಿಡಬಹುದು. ಪಂಪು ಹೊತ್ತುಕೊಳ್ಳುವ ಮೊದಲು ಪಕ್ಕದ ಹಿಪ್ಪುನೇರಳೆ ತೋಟದವರ ಮನೆಗೆ ಹೋಗಿ ಹೇಳಿ. ಅವರ ಹುಳು ಗೂಡು ಕಟ್ಟಿ ಮುಗಿಯುವವರೆಗೆ ಹೊಡೆಯಬೇಡಿ.