ಅಂಗುಳದ ಜನ್ಮಜಾತ ದೋಷಗಳು: ರೋಗನಿದಾನದ ಸಂಕೇತವನ್ನು ಓದುವ ಬಗೆ

ಬಾಯಿಯ ಒಳಮಾಳಿಗೆಯೇ ಅಂಗುಳ. ಅದರ ಮುಂಭಾಗವು ಎಲುಬಿನಿಂದಾದ ಗಟ್ಟಿ ಅಂಗುಳ. ಹಿಂಭಾಗವು ಸ್ನಾಯುಗಳಿಂದಾದ ಮೃದು ಅಂಗುಳ. ತುತ್ತತುದಿಯಲ್ಲಿ ಜೋತಿರುವುದು ಕಿರುನಾಲಗೆ. ಗರ್ಭದ 6ರಿಂದ 12ನೆಯ ವಾರದ ಅವಧಿಯಲ್ಲಿ ಎಡಬಲಗಳಿಂದ ಬೆಳೆದುಬರುವ ಎರಡು ಹಾಳೆಗಳು ಮುಂದಿನಿಂದ ಹಿಂದಕ್ಕೆ ಕೂಡಿಕೊಳ್ಳುತ್ತ ಹೋಗಿ ಅಂಗುಳವನ್ನು ರೂಪಿಸುತ್ತವೆ. ಈ ಕೂಡಿಕೆಗೆ ತಡೆಯುಂಟಾದರೆ ಅಲ್ಲಿ ಸೀಳು ಉಳಿಯುತ್ತದೆ. ಕೂಡಿಕೆಯ ಕೊನೆಯ ಹಂತದಲ್ಲಿ ತಡೆಯಾದರೆ ಕಿರುನಾಲಗೆ ಮಾತ್ರ ಇಬ್ಭಾಗವಾಗಿರುತ್ತದೆ. ಮೊದಲೇ ತಡೆಯಾದರೆ ಗಟ್ಟಿ ಅಂಗುಳವೂ ತೆರೆದಿರುತ್ತದೆ.

ಸೀಳುತುಟಿಯನ್ನು ಹೆರಿಗೆಯ ಕೋಣೆಯಲ್ಲಿಯೇ ಎಲ್ಲರೂ ಕಾಣುತ್ತಾರೆ. ತುಟಿ ಸರಿಯಾಗಿದ್ದು ಅಂಗುಳ ಮಾತ್ರ ಸೀಳಿರುವ ಮಗುವಿನ ಪಾಡು ಬೇರೆ. ಮುಖ ಸುಂದರವಾಗಿಯೇ ಇರುತ್ತದೆ, ಮೊಲೆಯುಣ್ಣಲು ಬಾಯಿ ಹಾಕುತ್ತದೆ, ಆದರೆ ಹೀರುವ ಬಲ ಹುಟ್ಟುವುದಿಲ್ಲ, ಹಾಲು ಮೂಗಿನಿಂದ ಹೊರಬರುತ್ತದೆ, ತೂಕ ಏರುವುದಿಲ್ಲ. ತಾಯಿಗೆ ಹಾಲು ಸಾಲದೆಂದು ಮನೆಯವರು ತೀರ್ಮಾನಿಸಿಬಿಡುತ್ತಾರೆ. ನವಜಾತ ಶಿಶುವಿನ ಬಾಯಿಯನ್ನು ದೀಪದ ಬೆಳಕಿನಲ್ಲಿ ಕಿರುನಾಲಗೆಯವರೆಗೂ ನೋಡಿ, ಬೆರಳಿನಿಂದ ಅಂಗುಳವನ್ನು ಮುಟ್ಟಿ ಪರೀಕ್ಷಿಸಬೇಕೆಂದು ವೈದ್ಯಶಾಸ್ತ್ರ ಹೇಳುವುದು ಇದಕ್ಕಾಗಿಯೇ.

ಹೀಗೆ ಕಂಡದ್ದನ್ನು ಬರೆದಿಡುವ ಕ್ರಮವೊಂದಿದೆ. ವಿಶ್ವ ಆರೋಗ್ಯ ಸಂಸ್ಥೆಯ ರೋಗ ವರ್ಗೀಕರಣದ ಹತ್ತನೆಯ ಪರಿಷ್ಕರಣೆಯಲ್ಲಿ, ಅಂದರೆ ಐ.ಸಿ.ಡಿ.-10ರಲ್ಲಿ, ಜನ್ಮಜಾತ ದೋಷಗಳೆಲ್ಲಕ್ಕೂ ‘ಕ್ಯೂ’ ಅಕ್ಷರ ಮೀಸಲು. ಸೀಳು ಅಂಗುಳಕ್ಕೆ ಕ್ಯೂ 35, ಸೀಳುತುಟಿಗೆ ಕ್ಯೂ 36, ಎರಡೂ ಕೂಡಿದ್ದರೆ ಕ್ಯೂ 37. ಬಿಂದುವಿನ ನಂತರದ ಅಂಕಿಯೇ ಸೀಳಿನ ಸ್ಥಾನವನ್ನು ಹೇಳುವುದು: 35.1 ಗಟ್ಟಿ ಅಂಗುಳ, 35.3 ಮೃದು ಅಂಗುಳ, 35.5 ಎರಡೂ, 35.7 ಕಿರುನಾಲಗೆ. 35.9 ಎಂದರೆ ಯಾವ ಭಾಗವೆಂದು ನಿರ್ದಿಷ್ಟಪಡಿಸಿಲ್ಲ ಎಂದರ್ಥ. (ಮೊದಲ ಆವೃತ್ತಿಯಲ್ಲಿ ಸೀಳು ಒಂದು ಬದಿಯದೋ ಎರಡೂ ಬದಿಯದೋ ಎಂಬ ಭೇದಕ್ಕೆ ಸರಿಸಂಖ್ಯೆಗಳೂ ಇದ್ದವು, ಅನಂತರ ಅವನ್ನು ಕೈಬಿಡಲಾಯಿತು. ಹಳೆಯ ಕಾಗದದಲ್ಲಿ 35.4 ಎಂದು ಕಂಡರೆ ಗಾಬರಿಪಡಬೇಕಿಲ್ಲ.)

ಸಮೀಪದಲ್ಲಿಯೇ ಇರುವ ಇನ್ನೆರಡು ಸಂಕೇತಗಳನ್ನು ಬೇರ್ಪಡಿಸಿ ತಿಳಿಯಬೇಕು. ಅಂಗುಳ ಕಮಾನಿನಂತೆ ಅತಿ ಎತ್ತರವಾಗಿದ್ದು ಸೀಳಿಲ್ಲದಿದ್ದರೆ ಅದು ಕ್ಯೂ 38.5, ಸೀಳು ಅಂಗುಳದ ಶಸ್ತ್ರಚಿಕಿತ್ಸೆಗೂ ಅದಕ್ಕೂ ಸಂಬಂಧವಿಲ್ಲ. ಕೆಳದವಡೆ ತೀರ ಚಿಕ್ಕದಾಗಿ, ನಾಲಗೆ ಹಿಂದಕ್ಕೆ ಜಾರಿ, ಜೊತೆಗೆ ಅಂಗುಳವೂ ಸೀಳಿದ್ದರೆ ಅದು ಪಿಯರ್ ರಾಬಿನ್ ಸ್ಥಿತಿ. ಅದರ ಸಂಕೇತ ಕ್ಯೂ 87.0. ಅಲ್ಲಿ ಹಾಲೂಡುವುದಕ್ಕಿಂತ ಉಸಿರಾಟದ ಚಿಂತೆಯೇ ಮೊದಲು. ಇಂತಹ ಮಗುವಿನ ಚೀಟಿಯಲ್ಲಿ ಬರಿದೇ ‘ಅಂಗುಳದ ದೋಷ’ ಎಂದು ಬರೆದರೆ ಮುಂದಿನ ಆಸ್ಪತ್ರೆಯವರು ಅಪಾಯವನ್ನು ಊಹಿಸುವುದಾದರೂ ಹೇಗೆ?

ಈ ಮಾತು ನಮ್ಮ ಮಲೆನಾಡಿಗೆ ವಿಶೇಷವಾಗಿ ಅನ್ವಯಿಸುತ್ತದೆ. ಶೃಂಗೇರಿಯ ಕಡೆಯವರು ಆಗುಂಬೆ ಘಾಟಿ ಇಳಿದು ಮಣಿಪಾಲಕ್ಕೆ ಹೋಗುವುದುಂಟು. ನರಸಿಂಹರಾಜಪುರದವರಿಗೆ ಶಿವಮೊಗ್ಗ ಸಮೀಪ. ಕೊಪ್ಪದವರು ಎರಡೂ ಕಡೆ ಹೋಗುತ್ತಾರೆ; ಸರ್ಕಾರಿ ಕಾಗದಕ್ಕೆ ಬಾಳೆಹೊನ್ನೂರಿನ ಮೇಲೆ ಚಿಕ್ಕಮಗಳೂರಿಗೂ ಹೋಗಬೇಕು. ಒಂದೇ ಮಗುವಿನ ವಿವರವನ್ನು ಮೂರು ಊರುಗಳಲ್ಲಿ ಮೂರು ಬಗೆಯ ಮಾತುಗಳಲ್ಲಿ ಬರೆದಿರುತ್ತಾರೆ. ಮಾತು ಬದಲಾದರೂ ಸಂಕೇತ ಬದಲಾಗದು. ತಾಲ್ಲೂಕು ಮಟ್ಟದಲ್ಲಿ ಮೊದಲ ದಿನ 35.9 ಎಂದು ಬರೆಯುವುದು ತಪ್ಪಲ್ಲ. ತಜ್ಞರು ನೋಡಿದ ಮೇಲೆಯೂ ಅದೇ ಉಳಿದಿದ್ದರೆ, ಯಾವ ಭಾಗ ಸೀಳಿದೆ ಎಂದು ತಂದೆತಾಯಿಗಳು ವಿನಯದಿಂದ ಕೇಳಿ ಬರೆಸಿಕೊಳ್ಳಬೇಕೆಂಬುದು ನಮ್ಮ ಅಭಿಪ್ರಾಯ. ವಿಮೆಯ ಕಾಗದದಲ್ಲಿ ಶಸ್ತ್ರಕ್ರಿಯೆಗೆ ಪ್ರತ್ಯೇಕ ಸಂಕೇತವಿರುತ್ತದೆ; ಅದನ್ನು ನಿದಾನದ ಸಂಕೇತವೆಂದು ಭ್ರಮಿಸಬಾರದು.

35.7 ಎಂಬ ಅಲ್ಪವೆನಿಸುವ ದಾಖಲೆಯೂ ಅಲ್ಪವಲ್ಲ. ಕಿರುನಾಲಗೆ ಇಬ್ಭಾಗವಾಗಿರುವ ಕೆಲವು ಮಕ್ಕಳಲ್ಲಿ ಅಂಗುಳದ ಚರ್ಮ ಕೂಡಿದ್ದರೂ ಒಳಗಿನ ಸ್ನಾಯು ಕೂಡಿರುವುದಿಲ್ಲ. ಮುಂದೆ ಮೂಗಿನ ಹಿಂದಿನ ಅಡಿನಾಯ್ಡ್ ಗ್ರಂಥಿಯನ್ನು ತೆಗೆಸಿದಾಗ, ಅದುವರೆಗೆ ಆ ಗ್ರಂಥಿಯ ಆಸರೆಯಿಂದ ಮುಚ್ಚಿಕೊಳ್ಳುತ್ತಿದ್ದ ದಾರಿ ತೆರೆದುಕೊಂಡು ಮಾತೆಲ್ಲ ಮೂಗಿಗೆ ಹೋಗಬಹುದು. ಆ ಒಂದು ಅಂಕಿ ಕಾಗದದಲ್ಲಿದ್ದರೆ ಶಸ್ತ್ರವೈದ್ಯರು ಮೊದಲೇ ಎಚ್ಚರ ವಹಿಸುತ್ತಾರೆ.

ಗ್ರಹಣಕಾಲದಲ್ಲಿ ಗರ್ಭಿಣಿ ಕತ್ತಿ ಹಿಡಿದುದರಿಂದ ಸೀಳಾಯಿತೆಂಬ ಮಾತು ಇನ್ನೂ ಕೇಳಿಬರುತ್ತದೆ. ಅದಕ್ಕೆ ಆಧಾರವಿಲ್ಲ, ತಾಯಿಯ ಮೇಲೆ ಆ ಹೊರೆಯನ್ನು ಹೊರಿಸುವುದು ಅನ್ಯಾಯ. ವಂಶವಾಹಿಗಳು, ತಂಬಾಕು, ಅಪಸ್ಮಾರದ ಕೆಲವು ಔಷಧಿಗಳು ಕಾರಣಗಳಲ್ಲಿ ಸೇರಿವೆ. ಔಷಧಿಯನ್ನು ತಾವಾಗಿಯೇ ನಿಲ್ಲಿಸದೆ, ಗರ್ಭಧಾರಣೆಗೆ ಮುನ್ನವೇ ವೈದ್ಯರನ್ನು ಕಾಣತಕ್ಕದ್ದು.

ಸೀಳು ಅಂಗುಳದ ಮಗುವನ್ನು ನೆಟ್ಟಗೆ ಕೂರಿಸಿದಂತೆ ಹಿಡಿದು, ಹಿಂಡಿದ ತಾಯಿಹಾಲನ್ನು ಚಮಚದಲ್ಲಾಗಲಿ ನಮ್ಮ ಹಿರಿಯರ ಒಳಲೆಯಲ್ಲಾಗಲಿ ನಿಧಾನವಾಗಿ ಕುಡಿಸಬೇಕು, ನಡುನಡುವೆ ತೇಗಿಸಬೇಕು. ತುಟಿಯ ಶಸ್ತ್ರಚಿಕಿತ್ಸೆ ಸಾಮಾನ್ಯವಾಗಿ 3ರಿಂದ 6 ತಿಂಗಳಲ್ಲಿ, ಅಂಗುಳದ್ದು 9ರಿಂದ 18 ತಿಂಗಳಲ್ಲಿ ನಡೆಯುತ್ತದೆ. ಮಾತು ಕಲಿಯುವ ಮುನ್ನ ಅಂಗುಳ ಮುಚ್ಚಬೇಕೆಂಬುದೇ ಈ ಲೆಕ್ಕದ ಮರ್ಮ. ತೆರೆದ ಅಂಗುಳದ ಮಗು ‘ಅಮ್ಮ’ ಎಂದು ಸ್ಪಷ್ಟವಾಗಿ ಹೇಳಬಲ್ಲುದು, ಏಕೆಂದರೆ ಮಕಾರವು ಮೂಗಿನ ಅಕ್ಷರವೇ. ‘ಅಪ್ಪ’ ಎನ್ನಲು ಬಾಯಲ್ಲಿ ಗಾಳಿ ನಿಲ್ಲಬೇಕು, ಅದು ನಿಲ್ಲುವುದಿಲ್ಲ. ನಡುಗಿವಿಯಲ್ಲಿ ದ್ರವ ತುಂಬಿ ಶ್ರವಣ ಕುಂದುವುದೂ ಇವರಲ್ಲಿ ಹೆಚ್ಚು. ಆದ್ದರಿಂದ ಹೊಲಿಗೆ ಬಿಚ್ಚಿದೊಡನೆ ಚಿಕಿತ್ಸೆ ಮುಗಿಯಿತೆಂದು ಭಾವಿಸದೆ ಕಿವಿಯ ಪರೀಕ್ಷೆಯನ್ನೂ ವಾಕ್ ಚಿಕಿತ್ಸೆಯನ್ನೂ ಮುಂದುವರಿಸಬೇಕು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಇದಕ್ಕೆ ವ್ಯವಸ್ಥೆಯಿದೆ.

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಸೀಳುತುಟಿ ಮತ್ತು ಸೀಳು ಅಂಗುಳ ಸೇರಿವೆ. 18 ವರ್ಷದವರೆಗಿನ ಮಕ್ಕಳು ಅದರ ವ್ಯಾಪ್ತಿಯಲ್ಲಿದ್ದಾರೆ. ತಪಾಸಣಾ ತಂಡವು ಅಂಗನವಾಡಿಗೋ ಶಾಲೆಗೋ ಬಂದ ದಿನ ಮಗುವಿನ ಕೈಯಲ್ಲಿ ಹಳೆಯ ಬಿಡುಗಡೆ ಚೀಟಿಯ ಪ್ರತಿಯೊಂದನ್ನು ಕಳುಹಿಸಿರಿ. ಮೂಲಪ್ರತಿ ಮಳೆಗಾಲದ ತೇವಕ್ಕೆ ಸಿಗದಂತೆ ಮನೆಯಲ್ಲಿಯೇ ಇರಲಿ.