ಶಾಲು ಹೊದಿಸಿದರೆ ಜನ ಬರುತ್ತಾರೆಯೇ?

ಪ್ರಶ್ನೆ: ವಿದೇಶದಲ್ಲಿ ಸ್ಪೀಡ್‌ವೇ ಎಂಬ ಬೈಕ್ ರೇಸಿನ ಕ್ಲಬ್‌ಗಳು ತಮ್ಮ ಹಳೆಯ ಸವಾರರನ್ನು ಮತ್ತೆ ಮೈದಾನಕ್ಕೆ ಕರೆಸುತ್ತವೆ, ಅದರಿಂದ ಅಭಿಮಾನಿಗಳು ಮರಳಿ ಬರುತ್ತಾರೆ ಎಂದು ಓದಿದೆ. ನಮ್ಮ ಕಡೆ ಜಾತ್ರೆ ಕುಸ್ತಿಗಳಲ್ಲೂ ಹಳೆ ಪೈಲ್ವಾನರನ್ನು ವೇದಿಕೆಗೆ ಕರೆದು ಸನ್ಮಾನ ಮಾಡುತ್ತಾರೆ. ಆದರೂ ಕಣದ ಸುತ್ತ ಮೊದಲಿನಷ್ಟು ಜನ ಸೇರುವುದಿಲ್ಲ. ಅಲ್ಲಿ ನಡೆಯುವ ಉಪಾಯ ಇಲ್ಲೇಕೆ ನಡೆಯುತ್ತಿಲ್ಲ?
– ಓದುಗರೊಬ್ಬರು, ಭಾಲ್ಕಿ

ಉತ್ತರ: ನಾವು ಮಾಡುತ್ತಿರುವುದು ಅವರ ಉಪಾಯವೇ ಅಲ್ಲ, ಅದಕ್ಕೆ ನಡೆಯುತ್ತಿಲ್ಲ. ನಾವು ಹಳೆ ಪೈಲ್ವಾನನನ್ನು ಕರೆದು ಕೂರಿಸುತ್ತೇವೆ. ಶಾಲು, ಹಾರ, ಒಂದು ಫೋಟೊ. ಆಮೇಲೆ ಮುಖ್ಯ ಅತಿಥಿಗಳ ಭಾಷಣ ಮುಗಿಯುವ ತನಕ ಆತ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿರಬೇಕು. ಕುಸ್ತಿ ನೋಡಲು ಬಂದವನಿಗೆ ಆ ಕುರ್ಚಿಯಿಂದ ಸಿಗುವುದೇನೂ ಇಲ್ಲ. ಅಲ್ಲಿನ ಕ್ಲಬ್‌ಗಳಲ್ಲಿ ಚೆನ್ನಾಗಿ ನಡೆಸುವವರು ಹಳಬರಿಗೆ ಕೆಲಸ ಕೊಡುತ್ತಾರೆ.

ಸ್ಪೀಡ್‌ವೇ ನೋಡದವರಿಗಾಗಿ ಎರಡು ಮಾತು. ಮೊಟ್ಟೆಯಾಕಾರದ ಮಣ್ಣಿನ ಹಾದಿ, ಒಂದು ಸಲಕ್ಕೆ ನಾಲ್ವರು ಸವಾರರು, ನಾಲ್ಕೇ ಸುತ್ತು. 500 ಸಿಸಿಯ ಒಂದೇ ಸಿಲಿಂಡರಿನ ಗಾಡಿ, ಕುಡಿಯುವುದು ಮೆಥನಾಲ್, ಇರುವುದು ಒಂದೇ ಗೇರು, ಬ್ರೇಕ್ ಇಲ್ಲವೇ ಇಲ್ಲ. ತಿರುವಿನಲ್ಲಿ ಹಿಂದಿನ ಚಕ್ರವನ್ನು ಬೇಕೆಂದೇ ಜಾರಿಸಿ, ಎಡಗಾಲನ್ನು ನೆಲಕ್ಕೆ ಸವರುತ್ತ ಹೋಗಬೇಕು. ಒಂದು ನಿಮಿಷದೊಳಗೆ ಆಟ ಮುಗಿಯುತ್ತದೆ. ಮೊದಲು ಬಂದವನಿಗೆ 3 ಅಂಕ, ಆಮೇಲೆ 2, 1, ಕೊನೆಯವನಿಗೆ ಸೊನ್ನೆ. ಆಸ್ಟ್ರೇಲಿಯಾದ ವೆಸ್ಟ್ ಮೈಟ್‌ಲ್ಯಾಂಡ್ ಎಂಬ ಊರಿನ ಕೃಷಿ ಮೇಳದ ಮೈದಾನದಲ್ಲಿ 1923ರಲ್ಲಿ ನಡೆದ ರೇಸಿನಿಂದ ಇದರ ಕಥೆ ಶುರುವಾಯಿತೆಂದು ಸಾಮಾನ್ಯವಾಗಿ ಹೇಳುತ್ತಾರೆ. ಮೇಳದಲ್ಲಿ ಹುಟ್ಟಿದ ಆಟ ಎನ್ನುವುದನ್ನು ನಮ್ಮ ಜಾತ್ರೆಯವರು ಗಮನಿಸಬೇಕು. 1928ರ ಫೆಬ್ರುವರಿಯಲ್ಲಿ ಲಂಡನ್ ಹತ್ತಿರದ ಹೈ ಬೀಚ್‌ನಲ್ಲಿ ರೇಸ್ ನಡೆದಾಗ ನಿರೀಕ್ಷೆ ಮೀರಿ ಸಾವಿರಾರು ಜನ ನುಗ್ಗಿದರು. ಅಲ್ಲಿಂದ ಇಂಗ್ಲೆಂಡಿನ ಊರೂರಲ್ಲಿ ಕ್ಲಬ್‌ಗಳು ಎದ್ದವು.

ಈಗ ಅಲ್ಲಿಯೂ ಕಾಲ ಕೆಟ್ಟಿದೆ. ಮ್ಯಾಂಚೆಸ್ಟರಿನ ಬೆಲ್ ವ್ಯೂ ಕ್ಲಬ್ಬಿನ ಹಳೆಯ ಮೈದಾನ 1987ರಲ್ಲೇ ಮುಚ್ಚಿತು. ವಿಂಬಲ್ಡನ್ನಿನಲ್ಲಿ ಸ್ಪೀಡ್‌ವೇ 2005ರಲ್ಲಿ ನಿಂತಿತು, ಕೊವೆಂಟ್ರಿಯ ಮೈದಾನದಲ್ಲಿ 2016ರಲ್ಲಿ. ಟಿಕೆಟ್ ಕೊಳ್ಳುವವರ ತಲೆ ನರೆಯುತ್ತಿದೆ, ಹೊಸ ಹುಡುಗರು ಬರುತ್ತಿಲ್ಲ. ಇಂಥ ಹೊತ್ತಿನಲ್ಲೇ ಕ್ಲಬ್‌ಗಳು ಹಳೆಯ ಸವಾರರ ಕಡೆ ನೋಡಿದ್ದು. ಬೆಲ್ ವ್ಯೂ ಪರವಾಗಿ ವರ್ಷಗಟ್ಟಲೆ ಗಾಡಿ ಓಡಿಸಿದ್ದ ಕ್ರಿಸ್ ಮಾರ್ಟನ್ ಮುಂದೆ ಅದೇ ಕ್ಲಬ್ಬನ್ನು ನಡೆಸುವವರಲ್ಲಿ ಒಬ್ಬರಾದರು. ಹೊಸ ಸ್ಟೇಡಿಯಂಗಾಗಿ ವರ್ಷಗಟ್ಟಲೆ ಓಡಾಡಿದರು, 2016ರಲ್ಲಿ ಅದು ಬಾಗಿಲು ತೆರೆಯಿತು. ಆದರೆ ಮುಂದಿನ ವರ್ಷಕ್ಕೇ ಆಡಳಿತ ಬೇರೆಯವರ ಕೈಗೆ ಹೋಯಿತು. ಹಳೆಯ ಹೆಸರು ಜನರನ್ನು ತರಬಲ್ಲದು, ಲೆಕ್ಕ ಸರಿದೂಗಿಸಲಾರದು. ಆಮೇಲೆ ಅದೇ ತಂಡದ ಮ್ಯಾನೇಜರ್ ಆಗಿ 2022ರಲ್ಲಿ ಬ್ರಿಟನ್ನಿನ ಲೀಗ್ ಗೆಲ್ಲಿಸಿಕೊಟ್ಟ ಮಾರ್ಕ್ ಲೆಮನ್ ಕೂಡ ಹಳೆಯ ಸವಾರರೇ, ಆಸ್ಟ್ರೇಲಿಯಾದವರು.

ಪೋಲೆಂಡಿನವರ ದಾರಿ ಇನ್ನೊಂದು. ಗೊಜೂಫ್ ಊರಿನ ಸ್ಟೇಡಿಯಂಗೆ ಎಡ್ವರ್ಡ್ ಯಾನ್ಸಾರ್ಜ್ ಹೆಸರು, ಲೆಶ್ನೊ ಊರಿನದಕ್ಕೆ ಆಲ್ಫ್ರೆಡ್ ಸ್ಮೊಚಿಕ್ ಹೆಸರು, ತೊರುನ್ ಊರಿನದಕ್ಕೆ ಮರಿಯಾನ್ ರೋಸ್ ಹೆಸರು. ಮೂವರೂ ಸವಾರರು. ನಮ್ಮಲ್ಲಿ ಕ್ರೀಡಾಂಗಣಕ್ಕೆ ಆಟಗಾರನ ಹೆಸರು ಇಟ್ಟದ್ದನ್ನು ಹುಡುಕಲು ಎಷ್ಟು ದೂರ ಹೋಗಬೇಕು ಎಂದು ನೀವೇ ಯೋಚಿಸಿ. ಬೀದರಿನ ಜಿಲ್ಲಾ ಕ್ರೀಡಾಂಗಣಕ್ಕೂ ನೆಹರೂ ಹೆಸರೇ ಇದೆ.

ಬೆಂಗಳೂರಿನ ಕ್ರಿಕೆಟ್ ತಂಡವೂ ಈ ಮರ್ಮ ಬಲ್ಲದು. 2023ರ ಮಾರ್ಚ್‌ನಲ್ಲಿ ಆರ್‌ಸಿಬಿ ಕ್ರಿಸ್ ಗೇಲ್ ಮತ್ತು ಎಬಿ ಡಿವಿಲಿಯರ್ಸ್ ಇಬ್ಬರನ್ನೂ ಚಿನ್ನಸ್ವಾಮಿ ಕ್ರೀಡಾಂಗಣಕ್ಕೆ ಕರೆಸಿ, ಅವರ 333 ಮತ್ತು 17ನೇ ನಂಬರಿನ ಜೆರ್ಸಿಗಳನ್ನು ಇನ್ನು ಯಾರಿಗೂ ಕೊಡುವುದಿಲ್ಲವೆಂದು ಸಾರಿತು. ಆ ಸಂಜೆ ಪಂದ್ಯವೇ ಇರಲಿಲ್ಲ, ಸ್ಟೇಡಿಯಂ ಮಾತ್ರ ತುಂಬಿತ್ತು. ಆದರೆ ಅದು ಕೋಟಿಗಟ್ಟಲೆ ದುಡ್ಡಿನ, ಟಿವಿಯ ವ್ಯವಹಾರ. ನಮಗೆ ಹತ್ತಿರದ ಪಾಠ ಕಬಡ್ಡಿಯಲ್ಲಿದೆ. ಭಾರತ ತಂಡಕ್ಕೆ ಆಡಿ ಅರ್ಜುನ ಪ್ರಶಸ್ತಿ ಪಡೆದ ಬಿ.ಸಿ. ರಮೇಶ್ ಆಟ ಬಿಟ್ಟ ಮೇಲೆ ತರಬೇತುದಾರರಾಗಿ ಅಂಕಣದ ಅಂಚಿನಲ್ಲಿ ನಿಂತರು. ಪ್ರೊ ಕಬಡ್ಡಿಯಲ್ಲಿ ಮೊದಲು ಬೆಂಗಾಲ್ ವಾರಿಯರ್ಸ್, ಆಮೇಲೆ ಪುಣೇರಿ ಪಲ್ಟನ್ ಅವರ ಗರಡಿಯಲ್ಲೇ ಕಪ್ ಗೆದ್ದವು. ಪಂದ್ಯದ ನಡುವೆ ಅವರು ಹುಡುಗರಿಗೆ ಏನು ಹೇಳುತ್ತಾರೆಂದು ಕ್ಯಾಮೆರಾ ಓಡಿಹೋಗಿ ಕೇಳುತ್ತದೆ. ಅವರಿಗೆ ಅಲ್ಲಿ ಕೆಲಸ ಇದೆ, ಅದಕ್ಕೆ ನೋಡುಗನ ಕಣ್ಣೂ ಅಲ್ಲಿಗೆ ಹೋಗುತ್ತದೆ.

ಇನ್ನು ನಮ್ಮ ಬೀದರಿಗೆ ಬರೋಣ. ಬೀದರಿನ ಹಳೆ ಪೇಟೆಯಲ್ಲಿ ಚೌಬಾರದ ಆಚೀಚೆ ನಡೆದರೆ ನೂರ್ ಖಾನ್ ತಾಲೀಮು, ಮನಿಯಾರ್ ತಾಲೀಮು, ಸಿದ್ದಿ ತಾಲೀಮು ಎಂದು ಓಣಿಗಳಿವೆ. ಇವು ಒಂದು ಕಾಲಕ್ಕೆ ಸಾಮು ಮಾಡುವ ಜಾಗಗಳು. ನಿಜಾಮರ ಕಾಲದ ಪುರಾತತ್ವ ಇಲಾಖೆಯ ಗುಲಾಮ್ ಯಜ್ದಾನಿ 1947ರಲ್ಲಿ ಹೊರತಂದ ಬೀದರಿನ ಇತಿಹಾಸದ ದೊಡ್ಡ ಪುಸ್ತಕದಲ್ಲಿ ಕೋಟೆ, ಮದರಸಾ, ಗುಂಬಜುಗಳ ಜತೆಗೆ ಈ ತಾಲೀಮುಗಳ ಪ್ರಸ್ತಾಪವೂ ಇದೆ. ಅಂದರೆ ಊರಿನ ನಕ್ಷೆಯಲ್ಲೇ ಕುಸ್ತಿ ಸೇರಿಹೋಗಿದೆ. ಈಗ ಆಟೋದವನಿಗೆ ತಾಲೀಮಿನ ಹೆಸರು ಹೇಳಿದರೆ ಸರಿಯಾಗಿ ಇಳಿಸುತ್ತಾನೆ, ದಂಡ ಹೊಡೆಯುವ ಹುಡುಗ ಮಾತ್ರ ಸಿಗುವುದು ಅಪರೂಪ.

ಕುಸ್ತಿ ಪೂರ್ತಿ ಉಳಿದಿರುವುದು ಜಾತ್ರೆಗಳಲ್ಲಿ. ಔರಾದಿನ ಅಮರೇಶ್ವರ ಜಾತ್ರೆಯಲ್ಲಿ ದೇವಣಿ ತಳಿಯ ದನಗಳ ಪ್ರದರ್ಶನದಷ್ಟೇ ಹೆಸರು ಜಂಗಿ ಕುಸ್ತಿಗೂ ಇದೆ. ಗಡಿ ಹತ್ತಿರ, ಹಾಗಾಗಿ ಉದಗೀರ, ದೇಗಲೂರು ಕಡೆಯ ಪೈಲ್ವಾನರೂ ಬರುತ್ತಾರೆ. ಕಣದ ಪಕ್ಕ ನಿಂತರೆ ಒಂದು ಕಿವಿಗೆ ಕನ್ನಡ, ಇನ್ನೊಂದಕ್ಕೆ ಮರಾಠಿ, ಹಿಂದಿನಿಂದ ದಖನಿ. ತೆಂಗಿನಕಾಯಿ ಕುಸ್ತಿಯಿಂದ ಶುರು. ಮೀಸೆ ಬಾರದ ಹುಡುಗರು ಹಿಡಿಯುತ್ತಾರೆ, ಗೆದ್ದವನಿಗೆ ಕಾಯಿ. ಆಮೇಲೆ ಐವತ್ತು, ನೂರು, ಐನೂರು ಎಂದು ಇನಾಮು ಏರುತ್ತ ಹೋಗಿ, ಹೊತ್ತು ಮುಳುಗುವಾಗ ಕಡೆಯ ಕುಸ್ತಿ, ಗೆದ್ದವನಿಗೆ ಬೆಳ್ಳಿ ಕಡಗ.

ಇಲ್ಲಿ ಎಲ್ಲಕ್ಕಿಂತ ಕಷ್ಟದ ಕೆಲಸ ಜೋಡಿ ಕಟ್ಟುವುದು. ಜಾತ್ರೆಯಲ್ಲಿ ತೂಕದ ಯಂತ್ರ ಇರುವುದಿಲ್ಲ. ಕುಸ್ತಿ ಹಿಡಿಯಲು ಬಂದ ಹುಡುಗ ಅಂಗಿ ಕಳಚಿ, ಕೈ ಮೇಲೆತ್ತಿ, ಹಲಗಿಯ ಬಡಿತಕ್ಕೆ ಕಣದ ಸುತ್ತ ಒಂದು ಸುತ್ತು ಬರುತ್ತಾನೆ. ಅವನಿಗೆ ಸರಿಸಾಟಿ ಯಾರು? ನೋಡಬೇಕಾದದ್ದು ಕುತ್ತಿಗೆ, ತೊಡೆ, ಮುಂಗೈ. ಮುರಿದು ಮಡಚಿಕೊಂಡ ಕಿವಿ ಕಂಡರೆ ಹುಡುಗ ಮಣ್ಣಿನಲ್ಲಿ ವರ್ಷಗಟ್ಟಲೆ ಉರುಳಿದ್ದಾನೆಂದು ಲೆಕ್ಕ, ಎದುರಿಗೆ ಹೊಸಬನನ್ನು ಬಿಡಬಾರದು. ಬಲ್ಲವನು ಎರಡು ಹೆಜ್ಜೆ ದೂರದಿಂದ ನೋಡಿ, “ಇಂವಾ ಹಗೂರ ಹಾನ, ದುಸ್ರಾ ಜೋಡಿ ನೋಡ್ರಿ” ಎಂದು ಬಿಡಿಸಿಬಿಡುತ್ತಾನೆ. ಬಲ್ಲವನಿಲ್ಲದ ಕಡೆ ಚಂದಾ ಎತ್ತಿದ ಕಮಿಟಿಯವರೇ ಜೋಡಿ ಕಟ್ಟುತ್ತಾರೆ. ಆಗ ಒಂದೋ ಹಲಗಿಯವನು ಸುಧಾರಿಸಿಕೊಳ್ಳುವಷ್ಟರಲ್ಲಿ ಒಬ್ಬ ಚಿತ್ತಾಗಿರುತ್ತಾನೆ, ಇಲ್ಲವೇ ಇಬ್ಬರೂ ಕುತ್ತಿಗೆ ಹಿಡಿದುಕೊಂಡು ಇಪ್ಪತ್ತು ನಿಮಿಷ ನಿಂತು ಕೊನೆಗೆ ಸಮ ಎಂದು ಕೈ ಎತ್ತಿಸಿಕೊಂಡು ಹೋಗುತ್ತಾರೆ. ನಿಮ್ಮ ಜಾತ್ರೆಯಲ್ಲಿ ಜನ ಎದ್ದುಹೋಗುವ ಹೊತ್ತು ಯಾವುದೆಂದು ಈ ಸಲ ಗಮನಿಸಿ. ಹೆಚ್ಚಾಗಿ ಇದೇ.

ಹಳೆ ಪೈಲ್ವಾನನ ಜಾಗ ಇಲ್ಲಿ, ಕಣದ ಒಳಗೆ, ರುಮಾಲು ಸುತ್ತಿಕೊಂಡು ಪಂಚನಾಗಿ. ಅವನು ಕಟ್ಟಿದ ಜೋಡಿಯ ಮೇಲೆ ಜನ ಅನುಮಾನ ಪಡುವುದಿಲ್ಲ. ಬೆನ್ನು ನೆಲ ಮುಟ್ಟಿತೋ ಇಲ್ಲವೋ ಎಂಬ ಗಲಾಟೆಗೆ ಅವನ ಒಂದು ಮಾತು ಸಾಕು. ಇನ್ನೊಂದು ಕೆಲಸ ಮೈಕು. ಈಗ ಮೈಕು ಹಿಡಿದವರು ಇನಾಮು ಕೊಟ್ಟವರ ಹೆಸರನ್ನೇ ಹತ್ತು ಸಲ ಓದುತ್ತಾರೆ. ಅದರ ಬದಲು ಒಬ್ಬ ಹಳಬ ಕೂತು, ಈಗ ಹಾಕಿದ್ದು ಧೋಬಿ ಪಟ್ಟು, ಅದನ್ನು ಬಿಡಿಸಿಕೊಳ್ಳಲು ಇವನು ಮಂಡಿ ಊರಬೇಕಿತ್ತು, ಹಿಂದೆ ಇದೇ ಕಣದಲ್ಲಿ ಇವನ ಅಪ್ಪ ಕಲಾಜಂಗ್ ಪಟ್ಟು ಹಾಕಿ ಗೆದ್ದಿದ್ದ ಎಂದು ನಡುನಡುವೆ ಹೇಳುತ್ತ ಹೋದರೆ ಮೊದಲ ಸಲ ಬಂದ ಹುಡುಗನಿಗೂ ಆಟ ಕಣ್ಣಿಗೆ ಹತ್ತುತ್ತದೆ. ಕುಸ್ತಿ ಗೊತ್ತಿಲ್ಲದವನಿಗೆ ಅದು ಇಬ್ಬರು ಮಣ್ಣಲ್ಲಿ ಹೊರಳಾಡುವುದಷ್ಟೇ. ಒಮ್ಮೆ ಪಟ್ಟು ಗುರುತಿಸಲು ಬಂತೋ, ಮುಂದಿನ ವರ್ಷ ಅವನು ಕರೆಯದಿದ್ದರೂ ಬರುತ್ತಾನೆ.

ಒಂದು ಕೆಲಸ ಮಾತ್ರ ಬೇಡ. ಅರವತ್ತು ದಾಟಿದವರನ್ನು ಚಪ್ಪಾಳೆಗಾಗಿ ಕುಸ್ತಿಗೆ ಇಳಿಸುವುದು ತಪ್ಪು. ಮಂಡಿ ಹೋಗಿರುತ್ತದೆ, ಸೊಂಟ ಹಿಡಿದಿರುತ್ತದೆ, ಪೌರುಷ ಮಾತ್ರ ಹಾಗೇ ಇರುತ್ತದೆ, ಅಪಾಯ ಇರುವುದೇ ಅದರಲ್ಲಿ. ಸ್ಪೀಡ್‌ವೇಯವರು ಹಳಬರನ್ನು ಹಳೆಯ ಗಾಡಿಯ ಮೇಲೆ ಮೆಲ್ಲಗೆ ಒಂದು ಸುತ್ತು ಹಾಕಿಸುತ್ತಾರೆ, ರೇಸಿಗೆ ಬಿಡುವುದಿಲ್ಲ. ನಮ್ಮವರು ಕಣಕ್ಕಿಳಿದು ಮಣ್ಣು ಮುಟ್ಟಿ ಸಲಾಮಿ ಕೊಟ್ಟು, ಒಬ್ಬ ಶಿಷ್ಯನ ಮೇಲೆ ಒಂದು ಪಟ್ಟನ್ನು ನಿಧಾನಕ್ಕೆ ಬಿಡಿಸಿ ತೋರಿಸಿದರೆ ಸಾಕು.

ಕೆಲಸ ಸಿಕ್ಕ ಹಳೆ ಪೈಲ್ವಾನ ಎಷ್ಟು ದೂರ ಒಯ್ಯಬಲ್ಲ ಎನ್ನುವುದಕ್ಕೆ ಉದಾಹರಣೆ ನಿಮ್ಮ ಪಕ್ಕದಲ್ಲೇ ಇದೆ. ಭಾಲ್ಕಿಯಿಂದ ಗಡಿ ದಾಟಿದರೆ ಲಾತೂರ್ ಜಿಲ್ಲೆಯ ನಿಲಂಗಾ ತಾಲ್ಲೂಕು. ಅಲ್ಲಿನ ರಾಮಲಿಂಗ ಮುದಗಡದ ಹರಿಶ್ಚಂದ್ರ ಬಿರಾಜದಾರ 1972ರಲ್ಲಿ ಮಹಾರಾಷ್ಟ್ರ ಕೇಸರಿ ಆದವರು. 1977ರಲ್ಲಿ ನಮ್ಮ ಬೆಳಗಾವಿಯ ಕಣದಲ್ಲಿ ದಿಲ್ಲಿಯ ಪೈಲ್ವಾನ ಸತ್ಪಾಲ್ ಅವರನ್ನು ಚಿತ್ ಮಾಡಿದ್ದನ್ನು ಗಡಿಭಾಗದ ಹಿರಿಯರು ಈಗಲೂ ನೆನೆಯುತ್ತಾರೆ. ಕುಸ್ತಿ ಬಿಟ್ಟ ಮೇಲೆ ಅವರು ಸನ್ಮಾನಕ್ಕೆ ಸುತ್ತುತ್ತ ಕೂರಲಿಲ್ಲ. ಪುಣೆಯ ಗೋಕುಲ್ ವಸ್ತಾದ್ ತಾಲೀಮಿನಲ್ಲಿ ವಸ್ತಾದರಾಗಿ, ಅಂದರೆ ಕುಸ್ತಿ ಕಲಿಸುವ ಗುರುವಾಗಿ ನಿಂತರು. ಅವರ ಕೈಯಲ್ಲಿ ಪಳಗಿದ ಕಾಕಾ ಪವಾರ್ ಅರ್ಜುನ ಪ್ರಶಸ್ತಿ ಪಡೆದು, ತಾವೂ ಪುಣೆಯಲ್ಲಿ ಕುಸ್ತಿ ಕೇಂದ್ರ ಕಟ್ಟಿದರು. ಬೀಡ್ ಜಿಲ್ಲೆಯ ರಾಹುಲ್ ಆವಾರೆ ಮೊದಲು ಬಿರಾಜದಾರರಲ್ಲಿ, ಆಮೇಲೆ ಪವಾರರಲ್ಲಿ ಕಲಿತು 2018ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ. 2011ರಲ್ಲಿ ಬಿರಾಜದಾರರು ತೀರಿಕೊಂಡಾಗ ಆ ಚಿನ್ನ ಇನ್ನೂ ಏಳು ವರ್ಷ ದೂರವಿತ್ತು.

ಮಣ್ಣಿನಲ್ಲಿ ಬೆಳೆದವರಿಗೆ ಮ್ಯಾಟಿನ ಕುಸ್ತಿ ಕಲಿಸಲು ಬರುತ್ತದೆಯೇ ಎಂದು ನೀವು ಕೇಳಬಹುದು, ನ್ಯಾಯವೇ. ಅಂಕ, ಸುತ್ತು, ಆರು ನಿಮಿಷದ ಲೆಕ್ಕ ಹಳಬರಿಗೆ ಒಗ್ಗುವುದು ಕಷ್ಟ. ಬಾಗಲಕೋಟೆಯ ಅರ್ಜುನ್ ಹಲಕುರ್ಕಿ 2020ರ ಏಷ್ಯನ್ ಚಾಂಪಿಯನ್‌ಶಿಪ್‌ನಲ್ಲಿ ಕಂಚು ಗೆದ್ದದ್ದು ಗ್ರೀಕೊ ರೋಮನ್ ಶೈಲಿಯಲ್ಲಿ, ಅದಕ್ಕೆ ಮ್ಯಾಟು, ಕೋಚು, ಕ್ರೀಡಾ ವಸತಿ ನಿಲಯ ಎಲ್ಲ ಬೇಕೇ ಬೇಕು. ಆದರೆ ಹತ್ತು ವರ್ಷದ ಹುಡುಗನನ್ನು ಬೆಳಗಿನ ಐದಕ್ಕೆ ಎಬ್ಬಿಸಿ ದಂಡ, ಬೈಠಕ್ ಹೊಡೆಸುವುದು, ಬಿದ್ದರೆ ಹೇಗೆ ಬೀಳಬೇಕೆಂದು ಕಲಿಸುವುದು, ಅವನ ತಾಯಿಗೆ ಹಾಲು ತುಪ್ಪದ ಲೆಕ್ಕ ಹೇಳುವುದು, ಇದಕ್ಕೆ ಊರಿನ ವಸ್ತಾದನೇ ಆಗಬೇಕು. ಮ್ಯಾಟಿನ ಮೇಲೆ ನಿಲ್ಲುವ ಹುಡುಗ ಮೊದಲು ಎಲ್ಲೋ ಒಂದು ಕಡೆ ತಯಾರಾಗಲೇಬೇಕಲ್ಲ.

ಸನ್ಮಾನವೇ ಬೇಡವೆಂದು ನಾನು ಹೇಳುತ್ತಿಲ್ಲ. ಶಾಲಿನಿಂದ ಔಷಧಿ ಅಂಗಡಿಯ ಬಾಕಿ ತೀರುವುದಿಲ್ಲ ಎನ್ನುತ್ತಿದ್ದೇನೆ. ಜೋಡಿ ಕಟ್ಟಲು, ಮೈಕು ಹಿಡಿಯಲು ಕರೆದವರಿಗೆ ಹಲಗಿಯವರಿಗೆ ಕೊಡುವಂತೆಯೇ ಮಾತಾಡಿದಷ್ಟು ಸಂಭಾವನೆ ಕೊಡಬೇಕು. ರಾಜ್ಯ, ರಾಷ್ಟ್ರ, ಅಂತಾರಾಷ್ಟ್ರೀಯ ಮಟ್ಟದಲ್ಲಿ ಆಡಿದ ಮಾಜಿ ಕುಸ್ತಿಪಟುಗಳಿಗೆ ಕರ್ನಾಟಕ ಸರ್ಕಾರದ ಮಾಸಾಶನವೂ ಇದೆ, 2025ರ ಬಜೆಟ್‌ನಲ್ಲಿ ಅದನ್ನು ಹೆಚ್ಚಿಸುವುದಾಗಿ ಘೋಷಿಸಲಾಯಿತು. ಅರ್ಜಿಗೆ ಆಡಿದ ಕೂಟದ ಪ್ರಮಾಣಪತ್ರ ಬೇಕು. ಟ್ರಂಕಿನ ತಳದಲ್ಲಿ ಗೆದ್ದಲು ಹಿಡಿದಿರುವ ಆ ಕಾಗದವನ್ನು ಹುಡುಕಿ ತೆಗೆಯುವುದು ಎಪ್ಪತ್ತರ ಮುದುಕನಿಗೆ ಕುಸ್ತಿಗಿಂತ ಕಷ್ಟ. ಮುಂದಿನ ಜಾತ್ರೆಗೆ ಚಂದಾ ಎತ್ತಲು ಹೊರಟಾಗ ನಿಮ್ಮ ಊರಿನ ಹಳೆ ಪೈಲ್ವಾನರ ಮನೆಗೂ ಒಮ್ಮೆ ಹೋಗಿ. ಅವರಿಂದ ಚಂದಾ ಕೇಳಬೇಡಿ, ಆ ಕಾಗದ ಕೇಳಿ. ಅವರೊಂದಿಗೆ ಬೀದರಿನ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಕಚೇರಿಗೆ ನೀವೇ ಹೋಗಿಬನ್ನಿ.