ಸೊನ್ನೆಯಲ್ಲಿ ನಿಲ್ಲದ ಚೆಂಡು

ಪಿಯುಸಿ ಮೊದಲ ವರ್ಷದ ಮಕ್ಕಳಿಗೆ ಭೌತಶಾಸ್ತ್ರ ಹೇಳಿಕೊಡಲು ಶುರುಮಾಡಿ ಇಪ್ಪತ್ತನಾಲ್ಕು ವರ್ಷವಾಯಿತು. ಪ್ರತಿ ವರ್ಷವೂ ಅಳತೆ, ಏಕಮಾನಗಳ ಪಾಠ ಮುಗಿಯುತ್ತಲೇ ‘ಸರಳರೇಖೆಯಲ್ಲಿ ಚಲನೆ’ ಬರುತ್ತದೆ. ನೋಡಲು ಸಣ್ಣ ಪಾಠ. ಮೂರು ಸೂತ್ರ, ನಾಲ್ಕಾರು ನಕ್ಷೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಎಂಟು ಪೀರಿಯಡ್ಡಿಗೆ ಮುಗಿಸಿ ಮುಂದಕ್ಕೆ ಹೋಗುತ್ತಿದ್ದೆ. ಈಗ ಅದರ ಇಮ್ಮಡಿ ಹೊತ್ತು ಬೇಕಾಗುತ್ತದೆ. ಹಾಗಾಗಲು ಕಾರಣ ಒಬ್ಬ ಹುಡುಗಿ.

ಅದು ನನ್ನ ಮೂರನೆಯ ವರ್ಷ. ಮೇಲಕ್ಕೆ ನೇರವಾಗಿ ಎಸೆದ ಚೆಂಡಿನ ಲೆಕ್ಕ ನಡೆದಿತ್ತು. “ತುತ್ತತುದಿಯಲ್ಲಿ ಚೆಂಡಿನ ಆಕ್ಸಲರೇಷನ್ ಎಷ್ಟು?” ಎಂದು ಕೇಳಿದೆ. ಇಡೀ ಕ್ಲಾಸು ಒಂದೇ ದನಿಯಲ್ಲಿ “ಝೀರೋ ಮೇಡಂ” ಎಂದಿತು. ಅಲ್ಲ, 9.8, ಬರೆದುಕೊಳ್ಳಿ ಎಂದೆ. ಎರಡನೆಯ ಬೆಂಚಿನ ಹುಡುಗಿ ಎದ್ದು ನಿಂತಳು. ಹತ್ತನೆಯ ತರಗತಿಯವರೆಗೆ ಹಳ್ಳಿಯ ಕನ್ನಡ ಶಾಲೆಯಲ್ಲಿ ಓದಿ, ಇಂಗ್ಲಿಷ್ ಪುಸ್ತಕದ ಮುಂದೆ ಆಗತಾನೆ ಕೂತಿದ್ದವಳು. “ಮೇಡಂ, ಮೇಲ್ಹೋಗಿ ನಿಂತ್‌ಬಿಡ್ತಲ್ಲ? ನಿಂತಿರೋದಕ್ಕೆ ಆಕ್ಸಲರೇಷನ್ ಎಲ್ಲಿಂದ ಬರುತ್ತೆ?”

ನಾನು ಬೋರ್ಡಿನ ಮೇಲೆ ಸೂತ್ರ ಬರೆದೆ, ಬೆಲೆಗಳನ್ನು ತುಂಬಿದೆ, ಉತ್ತರ ಬಂತು. ಅವಳು ಕೂತು ಬರೆದುಕೊಂಡಳು. ಅರ್ಥವಾಗಿಲ್ಲ ಎನ್ನುವುದು ಮುಖದಲ್ಲೇ ಇತ್ತು. ಪರೀಕ್ಷೆಯಲ್ಲಿ ಅದೇ ಪ್ರಶ್ನೆಗೆ 9.8 ಎಂದೇ ಬರೆದಿದ್ದಳು, ನಾನೂ ಪೂರ್ತಿ ಅಂಕ ಕೊಟ್ಟೆ. ಕೊಟ್ಟ ಮೇಲೆ ಮನಸ್ಸಿಗೆ ಬಹಳ ಕಸಿವಿಸಿಯಾಯಿತು. ಅವಳದು ಸರಿಯಾದ ಪ್ರಶ್ನೆ. ನಾನು ಕೊಟ್ಟದ್ದು ಉತ್ತರವಲ್ಲ, ಬಾಯಿ ಮುಚ್ಚಿಸುವ ಉಪಾಯ. ನಾನು ಓದುವಾಗ ನನಗೂ ಯಾರೋ ಹೀಗೇ ಮಾಡಿದ್ದರು, ನಾನೂ ಹೀಗೇ ಅಂಕ ತೆಗೆದಿದ್ದೆ.

ಆ ಬೇಸಿಗೆ ರಜೆಯಲ್ಲಿ ಪಾಠವನ್ನು ಮೊದಲಿನಿಂದ ನೋಡಿದೆ. ತೊಡಕು ಸೂತ್ರಕ್ಕಿಂತ ಮೊದಲೇ, ಪದದಲ್ಲೇ ಶುರುವಾಗುತ್ತದೆ ಎಂದು ಆಗ ಕಂಡಿತು. ಕನ್ನಡ ಪಠ್ಯದಲ್ಲಿ ಸ್ಪೀಡ್‌ಗೆ ‘ಜವ’, ವೆಲಾಸಿಟಿಗೆ ‘ವೇಗ’, ಆಕ್ಸಲರೇಷನ್‌ಗೆ ‘ವೇಗೋತ್ಕರ್ಷ’. ಜವ ಎಂಬ ಮಾತನ್ನು ಮನೆಯಲ್ಲಿ ಯಾರೂ ಆಡುವುದಿಲ್ಲ. ವೇಗ ಎಂದರೆ ಮನೆಯಲ್ಲೂ ಬೀದಿಯಲ್ಲೂ ‘ಎಷ್ಟು ಜೋರು’ ಎಂದಷ್ಟೇ ಅರ್ಥ, ಯಾವ ಕಡೆಗೆ ಎನ್ನುವುದು ಅದರಲ್ಲಿ ಬರುವುದಿಲ್ಲ. ಇನ್ನು ಉತ್ಕರ್ಷ ಎಂದರೆ ಏರಿಕೆ, ಏಳಿಗೆ. ಬಸ್ಸಿಗೆ ಬ್ರೇಕ್ ಬಿದ್ದು ವೇಗ ಇಳಿಯುತ್ತಿರುವಾಗ ಅದನ್ನು ಉತ್ಕರ್ಷ ಎಂದು ಕರೆಯಲು ಕನ್ನಡ ಬಲ್ಲ ಮಗುವಿಗೆ ನಾಲಿಗೆ ಏಳುವುದಿಲ್ಲ. ಏಳದಿರುವುದೇ ಸರಿ. ಇಂಗ್ಲಿಷಿನದೂ ಇದೇ ಪಾಡು. ಆಕ್ಸಿಲರೇಟರ್ ಕೊಡುವುದೆಂದರೆ ಗಾಡಿಯನ್ನು ಜೋರು ಮಾಡುವುದು ಎಂದೇ ಮಕ್ಕಳು ಬಲ್ಲರು. ಭೌತಶಾಸ್ತ್ರದ ಲೆಕ್ಕದಲ್ಲಿ ಬ್ರೇಕೂ ಆಕ್ಸಲರೇಷನ್ನನ್ನೇ ಕೊಡುತ್ತದೆ, ದಿಕ್ಕು ಮಾತ್ರ ಬೇರೆ.

ಅಂದಿನಿಂದ ನಾನು ಮೊದಲ ದಿನವೇ ಈ ಪದವನ್ನು ಬಿಡಿಸುತ್ತೇನೆ. ಅದಕ್ಕೆ ನನಗೆ ಸಿಕ್ಕ ಅತ್ಯುತ್ತಮ ಮಾತು ನಮ್ಮ ‘ಹೆಚ್ಚುಕಮ್ಮಿ’. ಈ ಸೆಕೆಂಡಿನಿಂದ ಮುಂದಿನ ಸೆಕೆಂಡಿಗೆ ವೇಗದಲ್ಲಿ ಎಷ್ಟು ಹೆಚ್ಚುಕಮ್ಮಿಯಾಯಿತು? ಅಷ್ಟೇ ವೇಗೋತ್ಕರ್ಷ. ವೇಗ ಎಷ್ಟಿದೆ ಎಂದು ಅದು ಕೇಳುವುದೇ ಇಲ್ಲ.

ಇದನ್ನು ತೋರಿಸಲು ಒದಗಿ ಬಂದದ್ದು ಅಪ್ಪನ ಕಿರಾಣಿ ಅಂಗಡಿಯ ಲೆಕ್ಕದ ಪುಸ್ತಕ. ಒಬ್ಬರು ಇಪ್ಪತ್ತು ರೂಪಾಯಿ ಮುಂಗಡ ಕೊಟ್ಟು ದಿನಕ್ಕೆ ಹತ್ತು ರೂಪಾಯಿ ಸಾಮಾನು ಒಯ್ಯುತ್ತಾರೆ ಎನ್ನಿ. ಮೊದಲು ಅವರ ಹೆಸರಿನಲ್ಲಿ 20, ಮಾರನೆಯ ದಿನ 10, ಆಮೇಲೆ ಸೊನ್ನೆ, ಆಮೇಲೆ 10 ಸಾಲ, ಆಮೇಲೆ 20 ಸಾಲ. ಸೆಕೆಂಡಿಗೆ 20 ಮೀಟರ್ ವೇಗದಲ್ಲಿ ಮೇಲೆಸೆದ ಚೆಂಡಿನ ಲೆಕ್ಕವೂ, 9.8ನ್ನು ಹತ್ತು ಎಂದು ಹಿಡಿದರೆ, ಇದೇ: 20, 10, 0, ಮೈನಸ್ 10, ಮೈನಸ್ 20. ಬಾಕಿ ಸೊನ್ನೆಯಾದ ದಿನ ಅವರು ಸಾಮಾನು ಒಯ್ಯುವುದನ್ನು ನಿಲ್ಲಿಸಿದರೇ ಎಂದು ಕೇಳುತ್ತೇನೆ. ಇಲ್ಲ ಎನ್ನುತ್ತಾರೆ. ನಿಲ್ಲಿಸಿದ್ದರೆ? ಪುಸ್ತಕದಲ್ಲಿ ಮುಂದೆಯೂ ಸೊನ್ನೆಯೇ ಇರುತ್ತಿತ್ತು. ಚೆಂಡಿನದೂ ಹಾಗೇ. ತುದಿಯಲ್ಲಿ ವೇಗದ ಜೊತೆಗೆ ವೇಗೋತ್ಕರ್ಷವೂ ಸೊನ್ನೆಯಾಗಿದ್ದರೆ ಅದು ಕೆಳಗೆ ಬರಲು ಕಾರಣವೇ ಇಲ್ಲ, ಅಲ್ಲೇ ಗಾಳಿಯಲ್ಲಿ ಇದ್ದುಬಿಡಬೇಕಿತ್ತು.

ಈ ಪಟ್ಟಿಯಿಂದ ಇನ್ನೊಂದು ತಪ್ಪೂ ಬಿಟ್ಟುಹೋಗುತ್ತದೆ. ವೇಗೋತ್ಕರ್ಷ ಮೈನಸ್ ಎಂದರೆ ನಿಧಾನವಾಗುವುದು ಎಂದು ಮಕ್ಕಳು ಗಟ್ಟಿಮಾಡಿಕೊಂಡು ಬಂದಿರುತ್ತಾರೆ. ಮೈನಸ್ 10ರಿಂದ ಮೈನಸ್ 20ಕ್ಕೆ ಹೋಗುವಾಗ ವ್ಯತ್ಯಾಸ ಮೈನಸ್ ಹತ್ತೇ, ಆದರೆ ಚೆಂಡು ಜೋರಾಗುತ್ತಿದೆ. ಸಾಲ ಬೆಳೆಯುವುದು ಹೇಗೆಂದು ನಮ್ಮ ಮಕ್ಕಳಿಗೆ ಹೇಳಿಕೊಡಬೇಕಾಗಿಲ್ಲ.

ಆದರೆ ಲೆಕ್ಕದ ಪುಸ್ತಕ ಒಂದು ಹೋಲಿಕೆ ಮಾತ್ರ. ಚಲನೆಯನ್ನು ಕಣ್ಣಾರೆ ಕಾಣಬೇಕಿತ್ತು. ನಮ್ಮ ಪ್ರಯೋಗಾಲಯದಲ್ಲಿ ಅದಕ್ಕೆ ಬೇಕಾದ ಉಪಕರಣ ಇರಲಿಲ್ಲ. ಕೊನೆಗೆ ಮೆಡಿಕಲ್ ಸ್ಟೋರಿನಿಂದ ಡ್ರಿಪ್ ಹಾಕುವ ನಳಿಗೆ ತಂದು, ಖಾಲಿ ಗ್ಲೂಕೋಸ್ ಬಾಟಲಿಗೆ ನೀರು ತುಂಬಿ, ಸೈಕಲ್ಲಿನ ಕ್ಯಾರಿಯರ್‌ಗೆ ಕೋಲು ಕಟ್ಟಿ ನೇತುಹಾಕಿದೆವು. ನಳಿಗೆಯ ಚಕ್ರವನ್ನು ತಿರುಗಿಸುತ್ತಾ, ಗಡಿಯಾರ ನೋಡಿಕೊಂಡು, ಅರ್ಧ ನಿಮಿಷಕ್ಕೆ ಅರವತ್ತು ಹನಿ ಬೀಳುವಂತೆ ಹೊಂದಿಸಿದೆವು. ಅರ್ಧ ಸೆಕೆಂಡಿಗೆ ಒಂದು ಹನಿ. ಹಿಂಭಾಗದ ಕಾಂಕ್ರೀಟ್ ದಾರಿಯಲ್ಲಿ ಒಬ್ಬ ಹುಡುಗ ಸೈಕಲ್ ತುಳಿದ, ಗುರುತು ಬಂದ ಕಡೆ ಬ್ರೇಕ್ ಹಿಡಿದ.

ಬಿಸಿಲಿಗೆ ಹನಿಗಳು ಬೇಗ ಒಣಗುತ್ತವೆ. ಸೀಮೆಸುಣ್ಣ ಹಿಡಿದ ಐದಾರು ಮಂದಿ ಸೈಕಲ್ಲಿನ ಹಿಂದೆಯೇ ಬಗ್ಗಿಕೊಂಡು ಓಡಿ ಒಂದೊಂದು ಹನಿಗೂ ಸುತ್ತು ಹಾಕಿದರು. ಟೈಲರ್ ಟೇಪಿನಲ್ಲಿ ಅಳೆದಾಗ ಹನಿಗಳ ನಡುವೆ 148, 153, 151 ಸೆಂಟಿಮೀಟರ್. ಸರಿಸುಮಾರು ಒಂದೇ ಸಮ. ಬ್ರೇಕ್ ಹಿಡಿದಲ್ಲಿಂದ 127, 103, 76, 52, 27. ಹಿಂದಿನದರಲ್ಲಿ ಮುಂದಿನದನ್ನು ಕಳೆಯಲು ಹೇಳಿದೆ. 24, 27, 24, 25. ಗುಂಪು ಒಂದು ಗಳಿಗೆ ಸುಮ್ಮನಾಯಿತು. ಅರ್ಧ ಸೆಕೆಂಡಿನಲ್ಲಿ ಸಾಗಿದ ದೂರ 25 ಸೆಂಟಿಮೀಟರ್ ತಗ್ಗಿದರೆ ವೇಗ ಸೆಕೆಂಡಿಗೆ ಅರ್ಧ ಮೀಟರ್ ತಗ್ಗಿದೆ. ಅದು ಅರ್ಧ ಸೆಕೆಂಡಿನಲ್ಲಿ ಆದದ್ದು, ಹಾಗಾಗಿ ಒಂದು ಸೆಕೆಂಡಿಗೆ ಒಂದು ಮೀಟರ್. ಸೂತ್ರವನ್ನು ಮುಟ್ಟದೆಯೇ ಮಕ್ಕಳು ವೇಗೋತ್ಕರ್ಷವನ್ನು ನೆಲದಿಂದ ಎತ್ತಿಕೊಂಡಿದ್ದರು. ಸೈಕಲ್ ನಿಂತ ಜಾಗದಲ್ಲಿ ಹನಿಯ ಮೇಲೆ ಹನಿ ಬಿದ್ದು ಅಂಗೈಯಗಲದ ಮಡು ಕಟ್ಟಿತ್ತು. ಆ ಮಡುವನ್ನು ಅಂದು ನಾನು ಅಷ್ಟಾಗಿ ಗಮನಿಸಲಿಲ್ಲ.

ಇದೇ ಅಂಕಿಗಳನ್ನಿಟ್ಟು ನಕ್ಷೆ ಬರೆಸಿದೆ. ಅಲ್ಲಿ ಇನ್ನೊಂದು ಪಾಠ ನನಗಾಗಿ ಕಾದಿತ್ತು. ಸ್ಥಾನ ಮತ್ತು ಕಾಲದ ನಕ್ಷೆಯೊಂದನ್ನು ತೋರಿಸಿ, ಇವನು ಏನು ಮಾಡಿದ ಹೇಳಿ ಎಂದರೆ ಒಬ್ಬ ಹುಡುಗ, “ಗುಡ್ಡ ಹತ್ತಿ, ಮೇಲೆ ಸ್ವಲ್ಪ ದೂರ ನಡೆದು, ಆ ಕಡೆ ಇಳಿದ ಮೇಡಂ” ಎಂದ. ಗೆರೆ ಅವನಿಗೆ ಚಿತ್ರವಾಗಿ ಕಂಡಿತ್ತು. ಕಾರಿಡಾರಿಗೆ ಕರೆದೊಯ್ದು, ಮೀಟರಿಗೊಂದು ಗಂಟು ಹಾಕಿದ ಹಗ್ಗವನ್ನು ಉದ್ದಕ್ಕೆ ಹಾಸಿ, ಆ ನಕ್ಷೆಯನ್ನು ನಡೆದು ತೋರಿಸು ಎಂದೆ. ಏರುವ ಗೆರೆಗೆ ಮುಂದಕ್ಕೆ ನಡೆದ. ಮಟ್ಟಸ ಗೆರೆ ಬಂದಾಗಲೂ ನಡೆಯುತ್ತಲೇ ಹೋದ. ನಕ್ಷೆ ಹಿಡಿದಿದ್ದ ಹುಡುಗಿ, “ನಿಂತ್ಕೊಳ್ಳೋ, ಹೊತ್ತು ಹೋಗ್ತಿದೆ, ನೀನು ಎರಡನೇ ಗಂಟಲ್ಲೇ ಇದ್ದೀಯ” ಎಂದು ಕೂಗಿದಳು. ಅವನು ನಿಂತ. ಇಳಿಯುವ ಗೆರೆ ಬಂದಾಗ ತಾನಾಗಿಯೇ ಹಿಂದಕ್ಕೆ ತಿರುಗಿ ನಡೆದ. ಆ ತಿರುಗುವಿಕೆಯಲ್ಲಿ ಅವನಿಗೆ ದಿಕ್ಕಿನ ಗುರುತು ಅರ್ಥವಾದದ್ದನ್ನು ನಾನು ನೋಡಿದೆ. ಈಗ ಸರಳರೇಖೆಯ ನಕ್ಷೆಗಳನ್ನು ಕಾಲಿನಲ್ಲಿ ನಡೆಸದೆ ಕೈಯಲ್ಲಿ ಬರೆಸುವುದಿಲ್ಲ. ಮಟ್ಟಸ ಗೆರೆಗೂ ಬೆಟ್ಟದ ನೆತ್ತಿಯಂತೆ ಬಾಗಿದ ಗೆರೆಗೂ ಇರುವ ಅಂತರ ಅವರಿಗೆ ಕಾರಿಡಾರಿನಲ್ಲೇ ತಿಳಿಯುತ್ತದೆ. ಮಟ್ಟಸವಾದರೆ ನಿಂತಿರುವುದು, ಬಾಗಿದರೆ ಮುಟ್ಟಿ ಹಿಂತಿರುಗುವುದು.

ಸರಾಸರಿಯ ಲೆಕ್ಕಕ್ಕೆ ಇಷ್ಟು ಪಾಡು ಬೇಡ. 24 ಕಿಲೋಮೀಟರ್ ದೂರದ ಊರಿಗೆ 40ರಲ್ಲಿ ಹೋಗಿ 60ರಲ್ಲಿ ಬಂದರೆ ಸರಾಸರಿ ಜವ 50 ಅಲ್ಲ, 48. ಹೋಗಲು 36 ನಿಮಿಷ, ಬರಲು 24, ಒಟ್ಟು ಒಂದು ಗಂಟೆಗೆ 48 ಕಿಲೋಮೀಟರ್. ನಿಧಾನದ ದಾರಿ ಹೆಚ್ಚು ಹೊತ್ತು ತಿನ್ನುತ್ತದೆ. ಹೊರಟ ಜಾಗಕ್ಕೇ ಬಂದಿದ್ದರಿಂದ ಸರಾಸರಿ ವೇಗ ಸೊನ್ನೆ.

ನಿಲ್ಲುವ ದೂರದ ವಿಷಯದಲ್ಲಿ ಮಾತ್ರ ನಾನು ಅವಸರ ಮಾಡುವುದಿಲ್ಲ. ನಮ್ಮ ಹುಡುಗರಲ್ಲಿ ಬೈಕಿನಲ್ಲಿ ಬರುವವರಿದ್ದಾರೆ. ಗಂಟೆಗೆ 36 ಕಿಲೋಮೀಟರ್ ಎಂದರೆ ಸೆಕೆಂಡಿಗೆ 10 ಮೀಟರ್. ಬ್ರೇಕು ಪ್ರತಿ ಸೆಕೆಂಡಿಗೆ ವೇಗದಲ್ಲಿ 5 ಮೀಟರ್ ಇಳಿಸುತ್ತದೆ ಎಂದು ಹಿಡಿದರೆ 10 ಮೀಟರಿನಲ್ಲಿ ಗಾಡಿ ನಿಲ್ಲುತ್ತದೆ. 72ರಲ್ಲಿ ಹೋಗುತ್ತಿದ್ದರೆ? 20 ಎನ್ನುತ್ತಾರೆ ಎಲ್ಲರೂ. ಬರುವುದು 40. ವೇಗ ಇಮ್ಮಡಿ, ದೂರ ನಾಲ್ಮಡಿ. ಇದಕ್ಕೆ ಮುಂಚೆ ಕಣ್ಣು ಕಂಡು ಕೈ ಹಿಡಿಯುವ ಹೊತ್ತೂ ಇದೆ. ಒಬ್ಬರು ಅಳತೆಪಟ್ಟಿಯನ್ನು ಹಿಡಿದು ಬಿಟ್ಟರೆ ಇನ್ನೊಬ್ಬರು ಬೆರಳಲ್ಲಿ ಹಿಡಿಯಬೇಕು. ಸಿದ್ಧವಾಗಿ ಕಾದಿದ್ದ ಬೆರಳುಗಳೂ 20 ಸೆಂಟಿಮೀಟರ್ ಜಾರಲು ಬಿಟ್ಟರೆ 0.2 ಸೆಕೆಂಡ್ ಕಳೆಯಿತೆಂದು ಅರ್ಥ. ಅಷ್ಟರಲ್ಲಿ 72ರ ಬೈಕು 4 ಮೀಟರ್ ಮುಂದೆ ಹೋಗಿರುತ್ತದೆ. ರಸ್ತೆಯಲ್ಲಿ ನಾಯಿ ಅಡ್ಡ ಬರುವಾಗ ಯಾರೂ ಸಿದ್ಧವಾಗಿ ಕಾದಿರುವುದಿಲ್ಲ. ಈ ಲೆಕ್ಕ ಮಾಡಿಸುವ ದಿನ ನಾನು ಮಕ್ಕಳ ಮುಖ ನೋಡಿಕೊಂಡು, ಹೆಲ್ಮೆಟ್ ಹಾಕಿಕೊಳ್ಳಿ ಕಂದಾ, ನಿಧಾನ ಹೋಗಿ ಎಂದು ಕೇಳಿಕೊಳ್ಳುತ್ತೇನೆ.

ಮಕ್ಕಳು ತಪ್ಪುವುದನ್ನು ಕಂಡು ಬೇಸರಪಡುತ್ತಿದ್ದ ನನ್ನನ್ನು ತಿದ್ದಿದವನು ಗೆಲಿಲಿಯೋ. ಬೀಳುವ ವಸ್ತುವಿನ ವೇಗ ಅದು ಬಿದ್ದ ದೂರಕ್ಕೆ ತಕ್ಕಂತೆ ಹೆಚ್ಚುತ್ತದೆ ಎಂದು 1604ರಲ್ಲಿ ಅವನೇ ಗೆಳೆಯನಿಗೆ ಕಾಗದ ಬರೆದಿದ್ದ. ಅದು ತಪ್ಪು, ವೇಗ ಹೆಚ್ಚುವುದು ಕಳೆದ ಕಾಲಕ್ಕೆ ತಕ್ಕಂತೆ. ಸರಿಯಾದ ಮಾತು ಅಚ್ಚಾದದ್ದು 1638ರಲ್ಲಿ, ಅವನು ಗೃಹಬಂಧನದಲ್ಲಿದ್ದಾಗ. ಆ ಪುಸ್ತಕದಲ್ಲಿ ಅವನು ಹೇಳುವ ಪ್ರಯೋಗ ಎಂಥ ಬಡ ಕಾಲೇಜಿಗೂ ಧೈರ್ಯ ಕೊಡುವಂಥದ್ದು. ಹನ್ನೆರಡು ಮೊಳದಷ್ಟು ಉದ್ದದ ಮರದ ತೊಲೆ, ಅದರಲ್ಲಿ ಬೆರಳಗಲದ ಕಾಲುವೆ, ನುಣುಪಿಗೆಂದು ಚರ್ಮದ ಹಾಳೆ, ಉರುಳಲು ಕಂಚಿನ ಗುಂಡು. ಸೆಕೆಂಡು ತೋರಿಸುವ ಗಡಿಯಾರವಿಲ್ಲದ್ದರಿಂದ ಸಣ್ಣ ಕೊಳವೆಯಿಂದ ನೀರು ಬಿಟ್ಟು, ಬಿದ್ದ ನೀರನ್ನು ತಕ್ಕಡಿಯಲ್ಲಿ ತೂಗಿದ. ಅವನಿಗೂ ಕಾಲ ಅಳೆದುಕೊಟ್ಟದ್ದು ನೀರೇ.

ಇದನ್ನು ಹೇಳಿದ ವರ್ಷ ಒಬ್ಬ ಹುಡುಗ ಊರಿನಿಂದ ತಾನೇ ಮಾಡಿದ ಬೇರಿಂಗ್ ಗಾಡಿ ತಂದ. ಬಾಟಲಿಯನ್ನು ಅದಕ್ಕೆ ಕಟ್ಟಿದೆವು. ಕಾಲೇಜಿನ ಬಾಗಿಲಲ್ಲಿ ಗಾಲಿಕುರ್ಚಿಗೆಂದು ಕಟ್ಟಿರುವ ಇಳಿಜಾರಿದೆ. ಹನಿ ಬಿದ್ದ ಕ್ಷಣಕ್ಕೇ ಗಾಡಿ ಬಿಡಲು ಹತ್ತಾರು ಸಲ ಯತ್ನಿಸಿ, ಕೊನೆಗೊಮ್ಮೆ ಕೂಡಿಬಂತು. 9, 26, 45, 62 ಸೆಂಟಿಮೀಟರ್. ಎಲ್ಲವನ್ನೂ 9ರಿಂದ ಭಾಗಿಸಿದರೆ ಒಂದು, ಸುಮಾರು ಮೂರು, ಐದು, ಸುಮಾರು ಏಳು. ಬೆಸಸಂಖ್ಯೆಗಳ ಈ ಸಾಲು ಗೆಲಿಲಿಯೋನ ಪುಸ್ತಕದಲ್ಲಿದೆ.

ಮಧ್ಯಾಹ್ನ ಒಬ್ಬಳು ಗಾಡಿಯನ್ನು ಕೆಳಗಿನಿಂದ ಮೇಲಕ್ಕೆ ತಳ್ಳಿ ಕೈಬಿಟ್ಟಳು. ಅದು ಹತ್ತುತ್ತಾ ನಿಧಾನವಾಗಿ, ತುದಿ ಮುಟ್ಟಿ, ಹಿಂದಕ್ಕೆ ಉರುಳಿತು. ಮೇಲೆಸೆದ ಚೆಂಡು ನಮ್ಮ ಕಣ್ಣಿಗೆ ಸಿಗುವಷ್ಟು ನಿಧಾನವಾಗಿ ಎದುರಿಗೇ ಇತ್ತು. ತಿರುಗಿದ ಜಾಗದಲ್ಲಿ ಕೂತು ನೋಡಿದೆವು. ಎರಡೇ ಹನಿ, ಒಂದರ ಪಕ್ಕ ಒಂದು. ಹತ್ತುವಾಗ ಬಿದ್ದದ್ದೊಂದು, ಇಳಿಯುವಾಗ ಬಿದ್ದದ್ದೊಂದು. ಅದರಾಚೆ ಹನಿಗಳು ದೂರ ದೂರ.

“ಮೇಡಂ, ಇಲ್ಲಿ ಮಡು ಇಲ್ಲ” ಎಂದಳು ಅವಳು.

ಇನ್ನೊಮ್ಮೆ ತಳ್ಳಿ, ಗಾಡಿ ತುದಿ ಮುಟ್ಟುವಾಗ ಕೈಯಡ್ಡ ಹಿಡಿ ಎಂದೆ. ಹಿಡಿದಳು. ಟಪ್, ಟಪ್, ಟಪ್ ಎಂದು ಹನಿಗಳು ಒಂದೇ ಕಡೆ ಬಿದ್ದು ಮಡು ಅಗಲವಾಗುತ್ತಾ ಹೋಯಿತು. ಗಾಡಿ ಅವಳ ಅಂಗೈಯನ್ನು ಕೆಳಕ್ಕೆ ಒತ್ತುತ್ತಲೇ ಇತ್ತು. “ಈಗ ಝೀರೋ ಮೇಡಂ, ನಾನು ಹಿಡಿದಿರೋದಕ್ಕೆ” ಎಂದು ಹೇಳಿ, ಕೈ ತೆಗೆದಳು.